ಎರಡೇ ಸೀಟಿನ ಹಳೇ ಎಂಎಕ್ಸ್-5: ಇಲ್ಲಿಯವರೆಗೆ ಆಗಿದ್ದು

1,38,210 ಕಿ.ಮೀ.

ಕಾರು ಮನೆಗೆ ಬಂತು. ಜಪಾನಿನ ಮಜ್ದಾ ಕಂಪನಿಯ ಎಂಎಕ್ಸ್-5, 1999ರದ್ದು. ಎರಡನೇ ತಲೆಮಾರು, ಅಂದರೆ ಎನ್‌ಬಿ. 1.8 ಲೀಟರ್ ಎಂಜಿನ್, ಐದು ಗೇರು, ಮಡಿಸಿ ತೆರೆಯುವ ಬಟ್ಟೆ ಟಾಪು. ಕಾರಿಗೆ ನನಗಿಂತ ವಯಸ್ಸು ಜಾಸ್ತಿ, ನನಗೆ 22. ಲೈಸೆನ್ಸ್ ಬಂದು ಮೂರು ವರ್ಷ ಆಯಿತು. ಆ ಮೂರೂ ವರ್ಷ ಓಡಿಸಿದ್ದು ಅಪ್ಪ ಬಿಟ್ಟುಕೊಟ್ಟ ಹ್ಯಾಚ್‌ಬ್ಯಾಕ್. ಮುಂದಿನ ಚಕ್ರಗಳು ಎಳೆಯುವ ಗಾಡಿ, ಐದು ಜನ ಕೂರಬಹುದು, ಏನು ಎಡವಟ್ಟು ಮಾಡಿದರೂ ಸುಮ್ನೆ ಸಹಿಸಿಕೊಳ್ಳುತ್ತಿತ್ತು.

ಅಮ್ಮ ಬಾಗಿಲು ತೆಗೆದು ಒಳಗೆ ಇಣುಕಿದರು.

"ಹಿಂದಿನ ಸೀಟು ಎಲ್ಲೋ?"

"ಇಲ್ಲಮ್ಮ."

"ಇಲ್ಲ ಅಂದ್ರೆ? ತೆಗೆದುಬಿಟ್ಟಿದಾರಾ?"

ಇದು ಇರೋದೇ ಹೀಗೆ ಅಂತ ಅರ್ಥ ಮಾಡಿಸುವಷ್ಟರಲ್ಲಿ ಅಪ್ಪ ಬಾನೆಟ್ ಎತ್ತಿ ಬ್ಯಾಟರಿ ಹುಡುಕುತ್ತಿದ್ದರು. ಅದೂ ಅಲ್ಲಿಲ್ಲ, ಡಿಕ್ಕಿಯಲ್ಲಿದೆ. ಮುಂದೆ ಹಿಂದೆ ಭಾರ ಹೆಚ್ಚುಕಡಿಮೆ ಸಮನಾಗಿರಲಿ ಅಂತ ಅಲ್ಲಿಟ್ಟಿದ್ದಾರೆ. ಡಿಕ್ಕಿಯೊಳಗೆ ಗ್ಯಾಸ್ ಸೇರಬಾರದು ಅಂತ ಬ್ಯಾಟರಿಯಿಂದ ಹೊರಕ್ಕೆ ಒಂದು ಸಣ್ಣ ಪೈಪು ಬೇರೆ. ಬ್ಯಾಟರಿ ಬದಲಾಯಿಸುವವರು ಆ ಪೈಪು ಸಿಕ್ಕಿಸಲು ಮರೆಯಬಾರದು. ನಮ್ಮದರಲ್ಲಿ ಮರೆತಿದ್ದರು. ಅದೇ ಮೊದಲ ರಿಪೇರಿ, ಎರಡು ನಿಮಿಷದ ಕೆಲಸ.

"ಇಷ್ಟು ಹಳೇದು ಯಾಕೆ, ಇದರಲ್ಲಿ ಅಂಥಾ ಸ್ಪೀಡ್ ಏನಿದೆ" ಅಂತ ಸುಮಾರು ಜನ ಕೇಳಿದರು. ಸ್ಪೀಡ್ ಇಲ್ಲ, ನಿಜ. ಸುಮಾರು 140 ಎಚ್‌ಪಿ ಅಷ್ಟೇ. ಈಗಿನ ಒಂದು ಟರ್ಬೊ ಫ್ಯಾಮಿಲಿ ಕಾರು ಸಿಗ್ನಲ್‌ನಲ್ಲಿ ಇದನ್ನು ಆರಾಮಾಗಿ ಹಿಂದೆ ಹಾಕಿ ಹೋಗುತ್ತದೆ. ಆದರೆ ಇಡೀ ಗಾಡಿಯ ತೂಕ ಹತ್ತಿರ ಹತ್ತಿರ 1,050 ಕೆ.ಜಿ. ಎಂಜಿನ್ ಮುಂದೆ, ಎಳೆಯುವುದು ಹಿಂದಿನ ಚಕ್ರ, ನಾಲ್ಕೂ ಕಡೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ (ಒಂದೊಂದು ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ). 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲ ಎಂಎಕ್ಸ್-5 ತೋರಿಸಿದಾಗಿನಿಂದ ಇದರ ಲೆಕ್ಕಾಚಾರ ಅದೇ. ಕುದುರೆ ಮತ್ತು ಸವಾರ ಒಂದೇ ಜೀವ ಅನ್ನೋ ಅರ್ಥದ 'ಜಿಂಬಾ ಇತ್ತಾಯ್' ಅನ್ನುವ ಜಪಾನಿ ಮಾತನ್ನು ಮಜ್ದಾದವರು ಇದಕ್ಕೆ ಬಳಸುತ್ತಾರೆ. ಓದಿದಾಗ ಜಾಹೀರಾತಿನ ಮಾತು ಅಂದುಕೊಂಡಿದ್ದೆ. 2016ರಲ್ಲಿ ಹತ್ತು ಲಕ್ಷನೇ ಕಾರು ಹೊರಬಂತು, ಹಾಗಾಗಿ ಹಳೇದಕ್ಕೂ ಬಿಡಿಭಾಗ ಸಿಗುತ್ತದೆ. ನನ್ನಂಥವನಿಗೆ ಜಿಂಬಾ ಇತ್ತಾಯ್‌ಗಿಂತ ಈ ವಿಷಯವೇ ಮುಖ್ಯ.

ತಗೊಳ್ಳುವ ಮೊದಲು ಮಾಡಿದ್ದು: ಇನ್ಶೂರೆನ್ಸ್ ಎಷ್ಟಾಗುತ್ತೆ ಅಂತ ಕೇಳಿದೆ (ಇದನ್ನು ಮೊದಲೇ ಕೇಳಿ, ಚಿಕ್ಕ ವಯಸ್ಸು ಪ್ಲಸ್ ಎರಡು ಸೀಟಿನ ಕಾರು ಅಂದರೆ ಕಂತು ನೋಡಿ ಕಾರೇ ಬೇಡ ಅನ್ನಿಸಬಹುದು). ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗಿನ ಸಿಲ್‌ನಲ್ಲಿ ತುಕ್ಕು ಇದೆಯಾ ಅಂತ ಮ್ಯಾಗ್ನೆಟ್ ಹಿಡಿದು ನೋಡಿದೆ. ಪುಟ್ಟಿ ತುಂಬಿಸಿ ಪೇಂಟ್ ಹೊಡೆದಿದ್ದರೆ ಅಲ್ಲಿ ಮ್ಯಾಗ್ನೆಟ್ ಅಂಟುವುದಿಲ್ಲ. ಅಂಟಿತು. ಕೆಳಗೆ ಮಲಗಿ ಮುಂದಿನ ಚಾಸಿ ರೈಲುಗಳನ್ನೂ (ಗಾಡಿಯ ಭಾರ ಹೊರುವ ಉದ್ದನೆಯ ಉಕ್ಕಿನ ತೊಲೆಗಳು) ನೋಡಿದೆ, ಎನ್‌ಬಿಯಲ್ಲಿ ಅಲ್ಲೂ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಮೇಲ್ಮೈ ತುಕ್ಕು ಬಿಟ್ಟರೆ ಗಟ್ಟಿಯಾಗಿತ್ತು.

ಒಂದು ವಿಷಯ ಮಾತ್ರ ಗಮನಿಸಿಯೂ ಗಮನಿಸದ ಹಾಗೆ ಇದ್ದೆ. ಒಳಗೆ ಮುಗ್ಗಲು ವಾಸನೆ, ಒಣಗದ ಟವೆಲ್ ಮಡಿಸಿಟ್ಟರೆ ಬರುತ್ತಲ್ಲ, ಅದು. ಮಾರಿದವರು ಕನ್ನಡಿಗೆ ಎರಡು ಪರ್ಫ್ಯೂಮ್ ತೂಗುಹಾಕಿದ್ದರು. ಎರಡು! ಅಲ್ಲೇ ತಿಳಿಯಬೇಕಿತ್ತು.

1,38,600 ಕಿ.ಮೀ.

ಮೊದಲ ದಿನ ಮೂರು ಸಲ ಆಫ್ ಮಾಡಿಕೊಂಡೆ. ಅಪ್ಪನ ಹ್ಯಾಚ್‌ಬ್ಯಾಕ್‌ನಲ್ಲಿ ಕ್ಲಚ್ ಪೂರ್ತಿ ಮೇಲೆ ಬಂದಮೇಲೆ ಹಿಡಿಯುತ್ತಿತ್ತು, ಇದು ನೆಲದ ಹತ್ತಿರವೇ ಹಿಡಿಯುತ್ತದೆ. ಅದು ಯಾಕೆ ಅಂತ ಆಮೇಲೆ ಗೊತ್ತಾಯಿತು, ಮುಂದೆ ಹೇಳ್ತೀನಿ.

ಗೇರು ಹಾಕುವುದೇ ಒಂದು ಖುಷಿ. ಕೈ ಅಲುಗಾಡಬೇಕಿಲ್ಲ, ಮಣಿಕಟ್ಟು ತಿರುಗಿದರೆ ಸಾಕು, ಟಕ್ ಅಂತ ಕೂರುತ್ತೆ. ಯಾವ ಕೆಲಸವೂ ಇಲ್ಲದೆ ಬರೀ ಗೇರು ಬದಲಾಯಿಸುವುದಕ್ಕೆ ಒಂದು ಸುತ್ತು ಹೋಗಿ ಬಂದಿದ್ದೂ ಉಂಟು.

ಕೂರೋದು ಮಾತ್ರ ತೀರಾ ಕೆಳಗೆ. ಪಕ್ಕದಲ್ಲಿ ಲಾರಿ ನಿಂತರೆ ಕಾಣುವುದು ಅದರ ಚಕ್ರದ ನಟ್ಟುಗಳು. ನನಗೆ ಅವರು ಕಾಣುವುದು ಹಾಗಿರಲಿ, ಅವರಿಗೆ ನಾನು ಕಾಣ್ತೀನಾ ಅನ್ನೋದೇ ಪ್ರಶ್ನೆ. ಟಾಪು ಮುಚ್ಚಿದ್ದರೆ ಹಿಂದಿನ ಮೂಲೆ ಪೂರ್ತಿ ಕುರುಡು. ಈಗ ಯಾವ ದೊಡ್ಡ ಗಾಡಿಯ ಪಕ್ಕದಲ್ಲೂ ಸುಮ್ನೆ ಜೊತೆಜೊತೆಗೆ ಹೋಗುತ್ತಾ ಇರಲ್ಲ. ಒಂದೋ ದಾಟುತ್ತೇನೆ, ಇಲ್ಲ ಹಿಂದೆ ಉಳಿಯುತ್ತೇನೆ.

ಒಂದು ಪೆದ್ದುತನ: ಹಳೇ ಅಭ್ಯಾಸದಲ್ಲಿ ಟೈರಿಗೆ 33 ಪಿಎಸ್‌ಐ ಗಾಳಿ ತುಂಬಿಸಿದೆ. ಗಾಡಿ ಸಣ್ಣ ಗುಂಡಿಗೂ ಚಿಮ್ಮತೊಡಗಿತು. ಷಾಕ್ ಅಬ್ಸಾರ್ಬರ್ ಹೋಗಿದೆ ಅಂತ ಎರಡು ದಿನ ತಲೆಬಿಸಿ ಮಾಡಿಕೊಂಡು, ಹೊಸದು ಹುಡುಕಲೂ ಶುರು ಮಾಡಿದ್ದೆ. ಕೊನೆಗೆ ಮ್ಯಾನ್ಯುಯಲ್ ತೆಗೆದು ನೋಡಿದರೆ ಈ ಕಾರಿಗೆ 26 ಪಿಎಸ್‌ಐ. ತೂಕ ಕಡಿಮೆ ಅಲ್ವಾ. ಗಾಳಿ ಬಿಟ್ಟೆ, ಷಾಕ್ ಅಬ್ಸಾರ್ಬರ್ ತಾನಾಗೇ ಸರಿಹೋಯಿತು.

1,39,050 ಕಿ.ಮೀ.

ಇವತ್ತು ಹೆದರಿಕೆ ಆಯಿತು. ಹೇಗೋ ಏನೂ ಆಗಲಿಲ್ಲ.

ಆಗಷ್ಟೇ ಮಳೆ ಶುರುವಾಗಿತ್ತು, ರಸ್ತೆ ಮೇಲಿನ ಎಣ್ಣೆ ಧೂಳು ಇನ್ನೂ ತೊಳೆದುಹೋಗಿರಲಿಲ್ಲ. ಕ್ರಾಸ್‌ನಲ್ಲಿ ಎರಡನೇ ಗೇರಲ್ಲಿ ತಿರುಗುತ್ತಿದ್ದೆ. ಹೆಚ್ಚು ಸ್ಪೀಡೇನಿರಲಿಲ್ಲ. ತಿರುವು ಮುಗಿಯುವ ಮೊದಲೇ ಆಕ್ಸಿಲರೇಟರ್ ಒತ್ತಿದೆ. ಬೆನ್ನ ಹಿಂದೆ ಯಾರೋ ಗಾಡಿಯನ್ನು ಪಕ್ಕಕ್ಕೆ ಎಳೆದ ಹಾಗೆ ಆಯಿತು. ಗಾಬರಿಯಲ್ಲಿ ಕಾಲು ಪೂರ್ತಿ ತೆಗೆದುಬಿಟ್ಟೆ, ಮೂರು ವರ್ಷದಿಂದ ಮಾಡಿದ್ದೂ ಅದನ್ನೇ ತಾನೆ. ಹಿಂಭಾಗ ಇನ್ನೂ ಜಾಸ್ತಿ ಜಾರಿತು. ಸ್ಟೇರಿಂಗ್ ಎದುರು ದಿಕ್ಕಿಗೆ ತಿರುಗಿಸಿದೆ, ಗಾಡಿ ಒಂದು ಸಲ ಈ ಕಡೆಗೂ ಬಾಲ ಬೀಸಿ, ರಸ್ತೆಗೆ ಓರೆಯಾಗಿ ನಿಂತಿತು. ಎಂಜಿನ್ ಆಫ್. ವೈಪರ್ ಮಾತ್ರ ಆಡುತ್ತಿತ್ತು. ಹಿಂದೆ ಯಾವ ಗಾಡಿಯೂ ಇರಲಿಲ್ಲ, ನನ್ನ ಪುಣ್ಯ.

ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ತಿರುವಿನಲ್ಲಿ ಜಾಸ್ತಿ ಒತ್ತಿದರೆ ಮೂತಿ ಹೊರಕ್ಕೆ ಹೋಗುತ್ತದೆ. ಕಾಲು ತೆಗೆದರೆ ಸರಿಹೋಗುತ್ತದೆ. ಇಲ್ಲಿ ಹೋಗುವುದು ಬಾಲ. ಕಾಲು ತಟ್ಟನೆ ತೆಗೆದರೆ ಭಾರ ಮುಂದಕ್ಕೆ ಸರಿದು, ಮೊದಲೇ ಜಾರುತ್ತಿರುವ ಹಿಂದಿನ ಟೈರಿನ ಮೇಲಿದ್ದ ಅಲ್ಪಸ್ವಲ್ಪ ಭಾರವೂ ಹೋಗುತ್ತದೆ. ನನ್ನ ಕಾರಿನಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಪೂರ್ತಿ ಹಿಡಿದುಕೊಳ್ಳದ ಹಾಗೆ ನೋಡಿಕೊಳ್ಳುವುದು) ಇದೆ, ಆದರೆ ಜಾರಿದಾಗ ಹಿಡಿದು ನಿಲ್ಲಿಸುವ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲ. ಇದೆಲ್ಲ ಓದಿ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಟಾರ್ಚ್ ಹಿಡಿದು ಟೈರು ನೋಡಿದೆ. ಬಟನ್ ಚೆನ್ನಾಗೇ ಇತ್ತು, ತಗೊಳ್ಳುವಾಗಲೂ ಅದನ್ನೇ ನೋಡಿ ಸಮಾಧಾನ ಪಟ್ಟಿದ್ದು. ನೋಡಬೇಕಿದ್ದದ್ದು ಪಕ್ಕದಲ್ಲಿ ಡಿಒಟಿ ಅಂತ ಇರುವ ಸಾಲಿನ ಕೊನೆಯ ನಾಲ್ಕು ಅಂಕಿ. ಹಿಂದಿನ ಎರಡಕ್ಕೂ 3211. ಅಂದರೆ 2011ರ 32ನೇ ವಾರದಲ್ಲಿ ತಯಾರಾದದ್ದು. ಉಗುರು ಒತ್ತಿದೆ, ಒಳಗೆ ಹೋಗಲೇ ಇಲ್ಲ. ರಬ್ಬರ್ ಹೋಗಿ ಪ್ಲಾಸ್ಟಿಕ್ ಆಗಿತ್ತು.

1,39,300 ಕಿ.ಮೀ.

ನಾಲ್ಕೂ ಟೈರ್ ಹೊಸದು, ಅಳತೆ 195/50 ಆರ್15. ಕಾರೇ ಬೇರೆ ಅನ್ನಿಸ್ತಿದೆ. ಒಂದು ಖಾಲಿ ಮೈದಾನದಲ್ಲಿ, ಒದ್ದೆ ನೆಲದಲ್ಲಿ, ನಿಧಾನವಾಗಿ ಸುತ್ತು ಹೊಡೆಯುತ್ತಾ ಬೇಕಂತಲೇ ಜಾರಿಸಿ ನೋಡಿದೆ. ಜಾರುವ ಮೊದಲು ಸೀಟಿನ ಮೂಲಕ ಸೊಂಟಕ್ಕೆ ಒಂದು ಸಣ್ಣ ಸೂಚನೆ ಬರುತ್ತೆ. ಹಳೇ ಟೈರಿನಲ್ಲಿ ಅದು ಬರುತ್ತಲೇ ಇರಲಿಲ್ಲ.

1,39,340 ಕಿ.ಮೀ.

ವಾಸನೆಯ ಮೂಲ ಸಿಕ್ಕಿತು.

ರಾತ್ರಿಯಿಡೀ ಮಳೆ. ಬೆಳಿಗ್ಗೆ ಬ್ರೇಕ್ ಹಾಕಿದರೆ ಸೀಟಿನ ಹಿಂದಿನಿಂದ ಗಳಗಳ ಅಂತ ಶಬ್ದ, ತುಂಬಿದ ಬಕೆಟ್ ಹೊತ್ತುಕೊಂಡು ಹೋಗ್ತಿರೋ ಹಾಗೆ. ಡ್ರೈವರ್ ಸೀಟಿನ ಹಿಂದೆ ಕಾರ್ಪೆಟ್ ಒತ್ತಿದರೆ ಬೆರಳಿನ ಸುತ್ತ ನೀರು ಮೇಲೆ ಬಂತು. ಟಾಪು ಹರಿದಿದೆ ಅಂತ ಮೇಲೆಲ್ಲ ಹುಡುಕಿದೆ, ಎಲ್ಲೂ ತೂತಿಲ್ಲ. ಹಿಂದಿನ ಗಾಜಿನ ಅಂಚೂ ಸರಿಯಾಗಿದೆ.

ಈ ಕಾರಿನ ಟಾಪಿನ ಮೇಲೆ ಬಿದ್ದ ನೀರು ಹಿಂದೆ ಹರಿದು ಒಂದು ದೋಣಿಗೆ ಬೀಳುತ್ತದೆ, ಮನೆ ಮಾಡಿನ ದೋಣಿ ಇದ್ದ ಹಾಗೇ. ಅಲ್ಲಿಂದ ಎರಡೂ ಮೂಲೆಗೆ ಹೋಗಿ, ಸೀಟ್ ಬೆಲ್ಟ್ ಕಂಬದ ಪಕ್ಕದ ತೂತಿನಿಂದ ಪೈಪಿನೊಳಗೆ ಇಳಿದು, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳುತ್ತದೆ. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಆ ತೂತಿಗೆ ಏನೇನು ಸೇರುತ್ತೆ ಅಂತ ಊಹಿಸಿಕೊಳ್ಳಿ. ಅದು ಕಟ್ಟಿದರೆ ನೀರು ಕಾರ್ಪೆಟ್‌ಗೂ ಹೋಗುತ್ತೆ, ಸಿಲ್‌ನೊಳಕ್ಕೂ ಹೋಗುತ್ತೆ. ಹೊರಗೆ ಹೊಳೆಯುವ ಸಿಲ್ ಒಳಗಿನಿಂದ ತುಕ್ಕು ತಿನ್ನುವುದು ಹೀಗೆ.

ಟಾಪು ಅರ್ಧ ಎತ್ತಿ, ಹಿಂದಿನ ಕಾರ್ಪೆಟ್ ಸರಿಸಿ, ಮೂಲೆಗೆ ಟಾರ್ಚ್ ಬಿಟ್ಟೆ. ತೂತು ಕಾಣಲೇ ಇಲ್ಲ. ಇದ್ದದ್ದು ಒಂದು ಹಿಡಿ ಕಪ್ಪು ಮಣ್ಣು, ಅದರ ಮಧ್ಯೆ ಎರಡು ಎಲೆ ಬಿಟ್ಟ ಒಂದು ಪುಟ್ಟ ಸಸಿ. ಕಾರಿನ ಒಳಗೆ ಗಿಡ ಬೆಳೆದಿದೆ! ಅಕ್ಕನನ್ನು ಕೂಗಿ ತೋರಿಸಿದೆ. "ನೀರು ಹಾಕೋದು ಮಾತ್ರ ಮರೀಬೇಡ" ಅಂದು ಹೋದಳು.

ಸ್ಕ್ರೂಡ್ರೈವರ್ ಹಾಕಿ ತಿವಿಯಬೇಡಿ, ಕಂಪ್ರೆಸರ್ ಗಾಳಿಯನ್ನು ಜೋರಾಗಿ ಬಿಡಲೂಬೇಡಿ. ಒಳಗಿನ ಪೈಪು ತೂತಾದರೆ ಅಥವಾ ಕಳಚಿಕೊಂಡರೆ ಆಮೇಲೆ ಅದನ್ನು ಮುಟ್ಟುವುದೇ ಕಷ್ಟ. ನಾನು ಮೇಲಿನ ಮಣ್ಣನ್ನು ಚಮಚದಲ್ಲಿ ತೆಗೆದು, ಹುಲ್ಲು ಕತ್ತರಿಸುವ ಯಂತ್ರದ ಮೆತ್ತನೆ ಪ್ಲಾಸ್ಟಿಕ್ ದಾರವನ್ನು ತಿರುಗಿಸುತ್ತಾ ತಿರುಗಿಸುತ್ತಾ ಇಳಿಸಿದೆ. ಒಂದು ಗೇಣು ಹೋಗಿ ನಿಂತಿತು. ಬಾಟಲಿಯಿಂದ ಸ್ವಲ್ಪ ಬಿಸಿನೀರು ಬಿಟ್ಟು, ಕಾದು, ಮತ್ತೆ ದಾರ. ಹೀಗೆ ಅರ್ಧ ಗಂಟೆ. ಮಂಡಿ ಸೀಟಿನ ಮೇಲೆ, ತಲೆ ಟಾಪಿನ ಬಟ್ಟೆಯೊಳಗೆ, ಸೊಂಟ ಎಲ್ಲಿತ್ತೋ ನನಗೇ ಗೊತ್ತಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಗೊಳಕ್ ಅಂತ ಶಬ್ದ ಬಂತು, ಬಾಟಲಿಯ ನೀರು ಒಂದೇ ಸಲಕ್ಕೆ ಒಳಗೆ ಎಳೆದುಕೊಂಡು ಹೋಯಿತು, ಕೆಳಗೆ ಚಕ್ರದ ಮುಂದೆ ಡಿಕಾಕ್ಷನ್ ಬಣ್ಣದ ನೀರು ಸುರಿಯಿತು. ಗೇರು ಬದಲಾಯಿಸಿದ್ದಕ್ಕಿಂತ ಜಾಸ್ತಿ ಖುಷಿ ಆಗಿದ್ದು ಆವಾಗಲೇ.

ಸೀಟು ನಾಲ್ಕು ಬೋಲ್ಟ್‌ನಲ್ಲಿದೆ, ಬಿಚ್ಚಿ ಹೊರಗಿಟ್ಟೆ. ಕಾರ್ಪೆಟ್ ಮೇಲೆ ಒಣಗಿದ ಹಾಗೆ ಕಾಣುತ್ತದೆ, ಕೆಳಗಿನ ಫೋಮ್ ಮಾತ್ರ ಸ್ಪಂಜು. ಹಿಂಡಿದಾಗ ಅರ್ಧ ಬಕೆಟ್ ಬಂತು. ಎರಡು ದಿನ ಫ್ಯಾನ್ ಇಟ್ಟು ಒಣಗಿಸಿದೆ. ನೆಲದ ತಗಡಿನ ಮೇಲೆ ಅಂಗೈಯಗಲ ತುಕ್ಕು ಇತ್ತು, ಬ್ರಷ್ ಹಾಕಿ ಉಜ್ಜಿ ಪ್ರೈಮರ್ ಹೊಡೆದೆ. ತೂತು ಬಿದ್ದಿಲ್ಲ. ಪರ್ಫ್ಯೂಮ್ ಎರಡನ್ನೂ ಎಸೆದೆ.

1,40,100 ಕಿ.ಮೀ.

ಕ್ಲಚ್ ನೆಲದ ಹತ್ತಿರ ಹಿಡಿಯುತ್ತೆ ಅಂದಿದ್ದೆನಲ್ಲ, ಅದು ಕಾರಿನ ಸ್ವಭಾವ ಅಂದುಕೊಂಡಿದ್ದೆ. ಅಲ್ಲ. ಮೊನ್ನೆ ರಿವರ್ಸ್ ಗೇರು ಕರಕರ ಅಂದಿತು. ಕೆಳಗೆ ಹೋಗಿ ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಫ್ಲೂಯಿಡ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ರಬ್ಬರ್ ಬೂಟು ಎತ್ತಿದರೆ ಫ್ಲೂಯಿಡ್ ತೊಟ್ಟಿಕ್ಕಿತು. ಹಳೇ ಎಂಎಕ್ಸ್-5 ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಮಾಡುವ ಕೆಲಸ ಇದು. ಹಿಡಿದಿರುವುದು ಎರಡೇ ಬೋಲ್ಟ್. ಜಾಕ್ ಹಾಕುವಾಗ ಮಾತ್ರ ನೋಡಿಕೊಳ್ಳಿ: ಗೇರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲನ್ನೂ ಸೇರಿಸುವ ಉದ್ದನೆಯ ಅಲ್ಯೂಮಿನಿಯಂ ತೊಲೆ ಇದೆಯಲ್ಲ, ಪಿಪಿಎಫ್, ಅದರ ಕೆಳಗೆ ಜಾಕ್ ಕೊಡಬಾರದು. ಮತ್ತೆ ಬರೀ ಜಾಕ್ ನಂಬಿ ಕೆಳಗೆ ನುಸುಳಲೇಬಾರದು, ಸ್ಟ್ಯಾಂಡ್ ಬೇಕೇ ಬೇಕು.

ಬ್ಲೀಡ್ ಮಾಡುವುದಕ್ಕೆ, ಅಂದರೆ ಪೈಪಿನೊಳಗೆ ಸೇರಿದ ಗಾಳಿ ಹೊರಹಾಕುವುದಕ್ಕೆ, ಅಕ್ಕ ಬಂದಳು. ನಾನು ಕೆಳಗೆ, ಅವಳು ಪೆಡಲ್ ಮೇಲೆ.

"ಒತ್ತು. ಹಿಡ್ಕೋ... ಹಿಡ್ಕೊಂಡಿರು... ಹ್ಞಾಂ, ಬಿಡು."

"ಬಿಟ್ಟೆ, ಪೆಡಲ್ ಮೇಲೇ ಬರ್ತಿಲ್ವಲ್ಲೋ!"

"ಕಾಲಲ್ಲೇ ಮೇಲೆತ್ತು."

ಹತ್ತು ಹನ್ನೆರಡು ಸಲ ಆದಮೇಲೆ ಗುಳ್ಳೆ ನಿಂತಿತು. ಈಗ ಪೆಡಲ್ ಅರ್ಧದಲ್ಲೇ ಹಿಡಿಯುತ್ತದೆ. ಹೊಸ ಅಳತೆ ಗೊತ್ತಿಲ್ಲದೆ ಮತ್ತೆ ಮೂರು ಸಲ ಆಫ್ ಮಾಡಿಕೊಂಡೆ. ಪಕ್ಕದಲ್ಲಿ ಕೂತು ಅಕ್ಕ ಎಣಿಸುತ್ತಿದ್ದಳು.

1,40,780 ಕಿ.ಮೀ.

ಮೂರರಿಂದ ಎರಡಕ್ಕೆ ಇಳಿಸುವಾಗ ಕ್ಲಚ್ ಒಳಗಿದ್ದಾಗಲೇ ಆಕ್ಸಿಲರೇಟರ್‌ಗೆ ಒಂದು ಸಣ್ಣ ತಟ್ಟು ಕೊಟ್ಟು, ಎಂಜಿನ್ ವೇಗವನ್ನು ಚಕ್ರದ ವೇಗಕ್ಕೆ ಸರಿಮಾಡಿ ಬಿಡುವುದನ್ನು ಕಲಿಯುತ್ತಿದ್ದೇನೆ. ಹತ್ತರಲ್ಲಿ ಆರು ಸಲ ಸರಿಯಾಗಿ ಬರುತ್ತೆ. ಸರಿಯಾದಾಗ ಏನೂ ಆಗುವುದಿಲ್ಲ, ಕುಲುಕೇ ಇಲ್ಲ, ಅದೇ ಅದರ ಗುರುತು. ಒದ್ದೆ ರಸ್ತೆಯಲ್ಲಿ ಇದು ಷೋಕಿ ಅಲ್ಲ. ತಪ್ಪಿದರೆ ಹಿಂದಿನ ಚಕ್ರ ಒಂದು ಕ್ಷಣ ಹಿಡಿದುಕೊಂಡ ಹಾಗಾಗುತ್ತದೆ.

ಇನ್ನು ಬಾಕಿ ಇರುವುದು ಟೈಮಿಂಗ್ ಬೆಲ್ಟ್, ಎಂಜಿನ್ನಿನ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವ ಹಾಗೆ ಮಾಡುವ ಪಟ್ಟಿ. ಒಂದು ಲಕ್ಷ ಕಿ.ಮೀ.ಗೆ ಬದಲಾಯಿಸಬೇಕು. ಫೈಲಿನಲ್ಲಿ ವೈಪರ್ ಬ್ಲೇಡಿನ ರಸೀದಿ ಕೂಡ ಇದೆ, ಬೆಲ್ಟಿನದ್ದು ಮಾತ್ರ ಇಲ್ಲ. ಮಾರಿದವರು "ಆಗಿದೆ ಆಗಿದೆ" ಅಂದಿದ್ದರು. ರಸೀದಿ ಇಲ್ಲ ಅಂದರೆ ಆಗಿಲ್ಲ ಅಂತಲೇ ಲೆಕ್ಕ. ಬೆಲ್ಟ್, ವಾಟರ್ ಪಂಪ್, ಟೆನ್ಷನರ್, ಸೀಲುಗಳು ಎಲ್ಲ ತರಿಸಿದ್ದೇನೆ. ಮೊದಲ ಸಲ ಆದ್ದರಿಂದ ಗೊತ್ತಿರುವವರೊಬ್ಬರ ಜೊತೆ ಕೂತು ಮಾಡೋದು ಅಂತ ಮಾತಾಗಿದೆ, ಅವರಿಗೆ ಬಿಡುವಾಗುವುದು ಮುಂದಿನ ವಾರ. ಡಿಕ್ಕಿಯಲ್ಲಿ ಬ್ಯಾಟರಿ, ಸ್ಟೆಪ್ನಿ, ಜಾಕ್ ಸ್ಟ್ಯಾಂಡ್ ಹೋಗಿ ಜಾಗವೇ ಉಳಿದಿಲ್ಲ. ಅದಕ್ಕೆ ತರಿಸಿದ ಸಾಮಾನಿನ ಆ ದೊಡ್ಡ ಡಬ್ಬ ಪಕ್ಕದ ಸೀಟಿನಲ್ಲಿ ಸೀಟ್ ಬೆಲ್ಟ್ ಕಟ್ಟಿಕೊಂಡು ನನ್ನ ಜೊತೆ ಓಡಾಡುತ್ತಿದೆ. ಅಮ್ಮ ಇವತ್ತು "ಒಂದು ಸುತ್ತು ಕರ್ಕೊಂಡು ಹೋಗೋ" ಅಂದರು, ಮೊದಲು ಅದನ್ನು ಇಳಿಸಬೇಕಾಯಿತು.