ಕೋಡ್ ತೋರಿಸಿದ್ದು ಎಬಿಎಸ್, ಕೈಕೊಟ್ಟಿದ್ದು ಅರ್ತಿಂಗ್ ಬೋಲ್ಟ್

ಬೆಂಗಳೂರಿನ ಬೆಳ್ಳಂದೂರು ಕಡೆ ರಿಂಗ್ ರೋಡಿನ ಮಳೆನೀರಲ್ಲಿ ದಾಟಿದ ಕಾರು ಮರುದಿನವೇ ಕೆಡಬೇಕೆಂದಿಲ್ಲ. ಎಲ್ಲ ಒಣಗಿತು ಎಂದುಕೊಂಡ ಮೇಲೆ, ವಾರಗಳು ಕಳೆದು ತೊಂದರೆ ಶುರುವಾಗುತ್ತದೆ. ಮೊನ್ನೆ ನಮ್ಮ ಶೆಡ್ಡಿಗೆ ಬಂದ ಹ್ಯಾಚ್‌ಬ್ಯಾಕಿನದೂ ಅದೇ ಕಥೆ. ಹಂಪ್ ಹಾರಿದಾಗೆಲ್ಲ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮತ್ತು ಪವರ್ ಸ್ಟೇರಿಂಗ್ ದೀಪ ಒಟ್ಟಿಗೆ ಹೊತ್ತಿಕೊಳ್ಳುತ್ತಿದ್ದವು, ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬೀಳುತ್ತಿತ್ತು. 'ಎಬಿಎಸ್ ಮಾಡ್ಯೂಲೇ ಹೋಗಿದೆ, ಹೊಸದು ಹಾಕ್ಬೇಕು ಅಂದ್ರು ಸರ್' ಎಂದು ಮಾಲೀಕರು ಬೇರೆ ಕಡೆಯ ಎಸ್ಟಿಮೇಟ್ ತೋರಿಸಿದರು.

ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ ಎಂಜಿನ್, ಸ್ಟೇರಿಂಗ್, ಡ್ಯಾಶ್‌ಬೋರ್ಡ್ ಮೀಟರ್ ಮೂರರಲ್ಲೂ ಒಂದೇ ಕೋಡ್: ಯು0121. ಎಬಿಎಸ್ ಮಾಡ್ಯೂಲ್, ಅಂದರೆ ಅದನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಜೊತೆ ಸಂಪರ್ಕ ತಪ್ಪಿದೆ ಎಂದಷ್ಟೇ ಇದರ ಅರ್ಥ. ಎಬಿಎಸ್ ಸ್ಕ್ಯಾನರಿಗೂ ಉತ್ತರ ಕೊಡಲಿಲ್ಲ. ಕರೆಂಟ್ ಬರದಿದ್ದರೂ, ಅರ್ತ್ (ಬಾಡಿ ಮೂಲಕ ಬ್ಯಾಟರಿ ನೆಗೆಟಿವ್‌ಗೆ ಕರೆಂಟ್ ಮರಳುವ ದಾರಿ) ಸಿಗದಿದ್ದರೂ, ಮಾಡ್ಯೂಲುಗಳು ಪರಸ್ಪರ ಮಾತಾಡುವ ಕ್ಯಾನ್ ವೈರ್ ಕಡಿದಿದ್ದರೂ ಮಾಡ್ಯೂಲ್ ಹೀಗೇ ಸುಮ್ಮನಾಗುತ್ತದೆ. ಈ ಮೂರನ್ನೂ ಅಳೆದು ನೋಡದೆ ಮಾಡ್ಯೂಲ್ ಬದಲಾಯಿಸುವುದು ಗಿರಾಕಿಯ ದುಡ್ಡಿಗೆ ಮಾಡುವ ಅನ್ಯಾಯ. ಕೋಡುಗಳನ್ನು ಬರೆದಿಟ್ಟುಕೊಳ್ಳದೆ ಅಳಿಸಲೂಬಾರದು.

ಮೊದಲು ಬ್ಯಾಟರಿ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಸುಳ್ಳು ಕೋಡುಗಳು ಸಾಲುಸಾಲಾಗಿ ಬರುತ್ತವೆ. ಇಲ್ಲಿ ಬ್ಯಾಟರಿ ಚೆನ್ನಾಗಿತ್ತು.

ಆಮೇಲೆ ಕ್ಯಾನ್. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಸ್ಕ್ಯಾನರ್ ಚುಚ್ಚುವ ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಮಲ್ಟಿಮೀಟರಿನಲ್ಲಿ ಓಮ್ ನೋಡಬೇಕು. ಲೈನಿನ ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ ಇರುವುದರಿಂದ 60 ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಶಾರ್ಟ್. ನಮಗೆ 60 ಬಂತು. ಆದರೆ ಮುಖ್ಯ ಲೈನ್ ಸರಿಯಿದ್ದು, ಎಬಿಎಸ್ಸಿಗೆ ಹೋಗುವ ಕವಲು ಮಾತ್ರ ಕಡಿದಿದ್ದರೂ ಇಲ್ಲಿ 60 ಓಮೇ ತೋರಿಸುತ್ತದೆ. ಅದಕ್ಕೇ ಎಬಿಎಸ್ ಕಪ್ಲರ್ (ಮಾಡ್ಯೂಲಿಗೆ ವೈರುಗಳನ್ನು ಜೋಡಿಸುವ ಪ್ಲಗ್) ಬಿಚ್ಚಿ ವೈರಿಂಗ್ ಕಡೆಯಿಂದಲೂ ಅಳೆದೆವು. ಅಲ್ಲೂ 60.

ಉಳಿದದ್ದು ಕರೆಂಟ್ ಮತ್ತು ಅರ್ತ್. ಬ್ಯಾಟರಿ ಮತ್ತೆ ಜೋಡಿಸಿ ಕಪ್ಲರಿನ ಸಪ್ಲೈ ಪಿನ್ನಿಗೂ ಅರ್ತ್ ಪಿನ್ನಿಗೂ ಮೀಟರ್ ಹಿಡಿದರೆ 12.4 ವೋಲ್ಟ್. ಕರೆಂಟ್, ಅರ್ತ್ ಎರಡೂ ಸರಿ, ಮಾಡ್ಯೂಲೇ ಕೆಟ್ಟಿದೆ ಅನ್ನಿಸುತ್ತದೆ. ಎಷ್ಟೋ ಮಾಡ್ಯೂಲುಗಳು ವಿನಾಕಾರಣ ಗುಜರಿಗೆ ಹೋಗುವುದು ಈ ಹಂತದಲ್ಲೇ. ಡಿಜಿಟಲ್ ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ ಎನ್ನಬಹುದು. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಪೂರ್ತಿ ವೋಲ್ಟ್ ತೋರಿಸುತ್ತದೆ. ಆದ್ದರಿಂದ ಅದೇ ಎರಡು ಪಿನ್ನಿಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಹಾಕಬೇಕು. ಅದು ಎರಡು ಆಂಪಿಯರಿನ ಹತ್ತಿರ ಎಳೆಯುತ್ತದೆ. ಹಾಕಿದೆವು. ಬಲ್ಬ್ ಕೆಂಪಗೆ ಮಿಣುಕಿತು, ಮೀಟರ್ 7ಕ್ಕೆ ಇಳಿಯಿತು. ಬಲ್ಬಿನ ಅರ್ತ್ ವೈರನ್ನು ನೇರ ಬ್ಯಾಟರಿ ನೆಗೆಟಿವ್‌ಗೆ ಮುಟ್ಟಿಸಿದಾಗ ಪ್ರಖರವಾಗಿ ಉರಿಯಿತು. ಸಪ್ಲೈ ಸರಿ, ಅರ್ತ್ ಕೆಟ್ಟಿದೆ.

ಬ್ಯಾಟರಿ ಟ್ರೇ ಕೆಳಗಿನ ಅರ್ತಿಂಗ್ ಬೋಲ್ಟ್ ಮೇಲ್ನೋಟಕ್ಕೆ ಬಿಗಿಯಾಗಿಯೇ ಇತ್ತು. 10 ನಂಬರ್ ಸ್ಪ್ಯಾನರಿನಲ್ಲಿ ಬಿಚ್ಚಿದರೆ ಐಲೆಟ್ (ವೈರಿನ ತುದಿಯ ಲೋಹದ ಬಳೆ) ಅಡಿಯಲ್ಲಿ ಹಸಿರು ಪುಡಿ. ವೈರಿನ ಸಿಪ್ಪೆ ಸುಲಿದರೆ ತಾಮ್ರ ಕಪ್ಪು, ಬೆರಳಲ್ಲಿ ಉಜ್ಜಿದರೆ ಎಳೆಗಳು ಮುರಿಯುತ್ತಿದ್ದವು. ದೀಪದ ಬತ್ತಿ ಎಣ್ಣೆ ಹೀರುವಂತೆ ವೈರ್ ನೀರನ್ನು ಒಳಕ್ಕೆ ಎಳೆದುಕೊಂಡಿತ್ತು. ಇಂಥ ಕಡೆ ಐಲೆಟ್ ಮಾತ್ರ ಉಜ್ಜಿ ಬಿಗಿದರೆ ಕಾರು ಮತ್ತೆ ಬರುವುದು ಖಂಡಿತ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಅದೇ ದಪ್ಪದ ವೈರನ್ನು ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿ ಅದುಮಿ ಜೋಡಿಸಿ), ಒಳಮೈಗೆ ಅಂಟು ಬಳಿದಿರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಬೇಕು, ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಇನ್ಸುಲೇಷನ್ ಟೇಪ್ ಇಲ್ಲಿ ಬೇಡವೇ ಬೇಡ. ಬಾಡಿಯ ಲೋಹವನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಹೊಸ ಐಲೆಟ್ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿದೆವು.

ಮತ್ತೆ ಬಲ್ಬ್ ಹಾಕಿ, ಅರ್ತ್ ಪಿನ್ನಿನಿಂದ ಬ್ಯಾಟರಿ ನೆಗೆಟಿವ್‌ಗೆ ಅಳೆದಾಗ 0.1 ವೋಲ್ಟಿಗಿಂತ ಕಡಿಮೆ ಬಂತು. ಕಪ್ಲರ್ ಹಾಕಿದ ಕೂಡಲೇ ಎಬಿಎಸ್ ಸ್ಕ್ಯಾನರಿಗೆ ಉತ್ತರಿಸಿತು. ಬ್ಯಾಟರಿ ಬಿಚ್ಚಿದ್ದರಿಂದ ಸ್ಟೇರಿಂಗ್ ದೀಪ ಉಳಿದಿತ್ತು. ಎಡದ ತುದಿಯಿಂದ ಬಲದ ತುದಿಗೆ ಪೂರ್ತಿ ತಿರುಗಿಸಿದ ಮೇಲೆ ಆರಿತು. ಕೋಡ್ ಅಳಿಸಿ ಹಂಪುಗಳಿರುವ ರಸ್ತೆಯಲ್ಲೇ ಓಡಿಸಿ ನೋಡಿದೆವು, ಮುಳ್ಳು ಬೀಳಲಿಲ್ಲ. ಕಾರು ಕೊಡುವ ಮುನ್ನ ಬಲಗಡೆ ಹೆಡ್‌ಲೈಟ್ ಹಿಂದಿನ ಅರ್ತಿಂಗ್ ಬೋಲ್ಟನ್ನೂ ಬಿಚ್ಚಿದೆವು. ಅಲ್ಲೂ ಹಸಿರು ಹಿಡಿಯಲು ಶುರುವಾಗಿತ್ತು, ವೈರ್ ಮಾತ್ರ ಇನ್ನೂ ಗಟ್ಟಿಯಿತ್ತು. ಐಲೆಟ್ ಬದಲಿಸಿ ಬಿಗಿದೆವು.