ಕಬ್ಬಿಣ ಇರುವಾಗ ಕಲ್ಲಿನ ಬಾಣ ಯಾಕೆ?

ಬಿಲ್ಲು ಹಿಡಿದು ಹೊಲದ ಕಡೆ ಹೊರಟರೆ ಯಾರಾದರೂ ನಿಲ್ಲಿಸಿ ಕೇಳಿಯೇ ಕೇಳುತ್ತಾರೆ. ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಗಳಲ್ಲಾದರೆ, "ಕಬ್ಬಿಣ ಸಿಗಾಂಗಿಲ್ಲೇನ್ರೀ? ಕಲ್ಲಿನ ಬಾಣ ಯಾಕ ಬೇಕು?" ಸೊಲ್ಲಾಪುರಕ್ಕೆ ಹೋದರೆ ಅದೇ ಮಾತು ಮರಾಠಿಯಲ್ಲಿ, "ದಗಡಾಚಾ ಬಾಣ ಕಶಾಲಾ?" ನಾನು ಬೇಟೆಯಾಡುವುದಿಲ್ಲ, ಸ್ಪರ್ಧೆಗೂ ಹೋಗುವುದಿಲ್ಲ. ಮತ್ತೆ ಕಲ್ಲು ಒಡೆದು, ಅಂಟು ಕಾಯಿಸಿ, ನಾರು ಹೊಸೆದು, ಕೊನೆಗೆ ಕಣಿಕೆಯ (ಜೋಳದ ದಂಟಿನ) ಹೊರೆಗೆ ಹೊಡೆದು ಮೊನೆ ಮುರಿಯುವುದರಲ್ಲಿ ಏನು ಸಿಗುತ್ತದೆ ಎಂಬುದು ಅವರಿಗೆ ಅರ್ಥವಾಗುವುದಿಲ್ಲ. ದಾರಿಯಲ್ಲಿ ನಿಂತು ಹೇಳಿದರೆ ಅರ್ಧ ಮಾತು ಉಳಿದುಹೋಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಲ್ಲಿನ ಬಾಣದಲ್ಲಿ ಎಲ್ಲಕ್ಕಿಂತ ಸಣ್ಣ ಭಾಗವೆಂದರೆ ಕಲ್ಲು. ಒಂದೆರಡು ಗ್ರಾಂ ತೂಗುವ ಚೂರು, ಅಷ್ಟೇ. ಅದರ ಹಿಂದೆ ಅಂಟು, ನಾರು, ಕೋಲು, ಗರಿ. ಅವುಗಳ ಹಿಂದೆ ಬಿಲ್ಲು, ಹೆದೆ. ಸಾವಿರಾರು ವರ್ಷ ಕಳೆದ ಮೇಲೆ ಮಣ್ಣಿನಲ್ಲಿ ಉಳಿಯುವುದು ಆ ಚೂರೊಂದೇ. ನಾವು ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡಿ, ಆ ಜನರಿಗೆ ಕಲ್ಲು ಕುಟ್ಟುವುದೊಂದೇ ಗೊತ್ತಿತ್ತು ಎಂದುಕೊಂಡು ಮುಂದಿನ ಪೆಟ್ಟಿಗೆಗೆ ಹೋಗುತ್ತೇವೆ. ಕೊಳೆತುಹೋದ ಆ ಉಳಿದ ಭಾಗ ಹೇಗಿದ್ದಿರಬೇಕು ಎಂದು ಕೈಯಿಂದ ಮಾಡಿ ನೋಡುವುದು ನನ್ನ ಕೆಲಸ. ಅಂಗಡಿಯ ಕಬ್ಬಿಣದ ಮೊನೆಗೆ ತೂತು ಮೊದಲೇ ಇರುತ್ತದೆ, ಕೋಲು ಸಿಕ್ಕಿಸಿದರೆ ಮುಗಿಯಿತು. ಕಲ್ಲನ್ನು ಕೋಲಿನ ಮೇಲೆ ಕೂರಿಸಲು ಹೊರಟಾಗಲೇ ಉಳಿದ ಪ್ರಶ್ನೆಗಳೆಲ್ಲ ಒಂದೊಂದಾಗಿ ಏಳುತ್ತವೆ.

ಮರವೂ ಅಂಟೂ ಉಳಿದ ಕಡೆ ಇದು ಕಣ್ಣಿಗೇ ಕಾಣುತ್ತದೆ. ಸ್ವೀಡನ್ನಿನ ಲೋಶುಲ್ಟ್‌ನ ಜವುಗು ನೆಲದಲ್ಲಿ ಸಿಕ್ಕ ಬಾಣದ ಕೋಲಿನಲ್ಲಿ ಸಣ್ಣ ಕಲ್ಲಿನ ಚೂರುಗಳು ಮರದ ರಾಳದಲ್ಲಿ ಹಾಗೇ ಕೂತಿವೆ: ತುದಿಗೊಂದು, ಪಕ್ಕಕ್ಕೆ ಮುಳ್ಳಿನ ಹಾಗೆ ಇನ್ನೊಂದು. ಆಲ್ಪ್ಸ್ ಹಿಮದಲ್ಲಿ 1991ರಲ್ಲಿ ಸಿಕ್ಕ ಓಟ್ಸಿ ಎಂಬ ಸುಮಾರು 5,300 ವರ್ಷ ಹಳೆಯ ಮನುಷ್ಯನ ಬತ್ತಳಿಕೆಯಲ್ಲಿ 14 ಬಾಣಗಳಿದ್ದವು, ಪೂರ್ತಿಯಾಗಿದ್ದದ್ದು ಎರಡೇ. ಬಿಲ್ಲೂ ಅರ್ಧ ಕೆತ್ತಿದ್ದು. ಅವನ ಎಡ ಭುಜದೊಳಗೆ ಬೇರೆ ಯಾರೋ ಹೊಡೆದ ಕಲ್ಲಿನ ಮೊನೆ ಇದೆ ಎಂಬುದು 2001ರಲ್ಲಿ ಎಕ್ಸ್‌ರೇ ತೆಗೆದಾಗ ತಿಳಿಯಿತು.

ನಮ್ಮ ಎರೆಮಣ್ಣು ಹಿಮವಲ್ಲ, ಜವುಗೂ ಅಲ್ಲ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ, ಮರವನ್ನು ಬಹುಕಾಲ ಉಳಿಸುವುದಿಲ್ಲ. ಹಾಗೆಂದು ಇಲ್ಲಿ ಬಾಣವೇ ಇರಲಿಲ್ಲ ಎನ್ನಲಾದೀತೆ? ಶ್ರೀಲಂಕಾದ ಫಾ ಹಿಯೆನ್ ಗುಹೆಯಲ್ಲಿ ಸಿಕ್ಕ ಮೂಳೆಯ ಮೊನೆಗಳನ್ನು ಪರೀಕ್ಷಿಸಿದವರು ಅವು ಸುಮಾರು 48,000 ವರ್ಷ ಹಿಂದಿನ ಬಾಣದ ಮೊನೆಗಳು ಎಂದು 2020ರಲ್ಲಿ ಪ್ರಕಟಿಸಿದರು. ಆಂಧ್ರದ ನಂದ್ಯಾಲ ಜಿಲ್ಲೆಯ ಜ್ವಾಲಾಪುರಂನಲ್ಲಿ ಸುಮಾರು 35,000 ವರ್ಷ ಹಿಂದಿನ ಸೂಕ್ಷ್ಮ ಶಿಲಾಯುಧಗಳು ಸಿಕ್ಕಿವೆ. ಮಧ್ಯಪ್ರದೇಶದ ಭೀಂಬೆಟ್ಕಾದ ಬಂಡೆಚಿತ್ರಗಳಲ್ಲಿ ಬಿಲ್ಲು ಎಳೆದು ನಿಂತವರಿದ್ದಾರೆ. ನಮಗೆ ಇನ್ನೂ ಹತ್ತಿರದ್ದು ಇನಾಮಗಾಂವ್. ಅದು ಘೋಡ್ ನದಿಯ ದಂಡೆಯ ಊರು, ಆ ನೀರು ಬಂದು ಸೇರುವುದು ನಮ್ಮ ಭೀಮೆಗೇ. ಪುಣೆಯ ಡೆಕ್ಕನ್ ಕಾಲೇಜಿನವರು 1968ರಿಂದ ಹಲವು ವರ್ಷ ಅಲ್ಲಿ ಅಗೆದರು. ಮೂರು ಸಾವಿರ ವರ್ಷದ ಹಿಂದೆ ಅಲ್ಲಿದ್ದ ರೈತರಿಗೆ ತಾಮ್ರ ಗೊತ್ತಿತ್ತು, ಆದರೆ ಅದು ಅಪರೂಪದ ವಸ್ತು. ದಿನದ ಕೆಲಸಕ್ಕೆ ಬಳಸುತ್ತಿದ್ದದ್ದು ಕ್ಯಾಲ್ಸಿಡನಿ ಎಂಬ, ಗಾಜಿನ ಹಾಗೆ ಸೀಳುವ ಕಲ್ಲಿನ ಅಲಗು. ಲೋಹ ಬಂದ ಕೂಡಲೇ ಯಾರೂ ಕಲ್ಲನ್ನು ಎಸೆದುಬಿಡಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬಾಣದ ಮೊನೆ ತೋರಿಸಿ ಎಂದವರು ಮನಸ್ಸಿನಲ್ಲಿಟ್ಟುಕೊಂಡಿರುವುದು ಅಮೆರಿಕದ ವಿಡಿಯೊಗಳಲ್ಲಿ ಕಾಣುವ ಚೆಂದದ ತ್ರಿಕೋನ, ಬುಡದಲ್ಲಿ ಎರಡು ಕಚ್ಚು. ನಮ್ಮ ದಖ್ಖನಿನಲ್ಲಿ ಹೇರಳವಾಗಿ ಸಿಗುವುದು ಅದಲ್ಲ. ಇಲ್ಲಿಯದು ಬೆರಳ ತುದಿಯಷ್ಟು ಚೂರು: ಕಿತ್ತಳೆ ತೊಳೆಯ ಆಕಾರದ ಅರ್ಧಚಂದ್ರ, ಸಣ್ಣ ತ್ರಿಕೋನ, ಒಂದು ಬದಿ ಮೊಂಡು ಮಾಡಿದ ಕಿರು ಅಲಗು. ಆ ಮೊಂಡು ಬದಿಯೇ ಅಂಟಿನೊಳಗೆ ಕೂರುವ ಬದಿ. ಗಂಗಾ ಬಯಲಿನ ಸರಾಯ್ ನಾಹರ್ ರಾಯ್‌ನಲ್ಲಿ ಇಂಥದೊಂದು ಚೂರು ಮನುಷ್ಯನ ಪಕ್ಕೆಲುಬಿನಲ್ಲಿ ನೆಟ್ಟುಕೊಂಡಿದ್ದು ಸಿಕ್ಕಿದೆ. ನಾನು ತ್ರಿಕೋನವನ್ನೂ ಮಾಡುತ್ತೇನೆ, ಅದರ ಚೆಲುವು ದೊಡ್ಡದು. ಆದರೆ ನನ್ನ ಮನಸ್ಸು ಇರುವುದು ಈ ಅರ್ಧಚಂದ್ರಗಳ ಮೇಲೆ. ಒಂದು ಮುರಿದರೆ ಅದೊಂದನ್ನೇ ತೆಗೆದು ಬೇರೆ ಕೂರಿಸಬಹುದು, ಬಾಣ ಹಾಳಾಗುವುದಿಲ್ಲ. ಇದನ್ನು ಕಂಡುಹಿಡಿದವರ ಬುದ್ಧಿಗೆ ನಾನು ತಲೆಬಾಗುತ್ತೇನೆ.

ಕಲ್ಲಿಗೆ ನಮ್ಮಲ್ಲಿ ಬರವಿಲ್ಲ. ನಾವು ನಿಂತಿರುವುದೇ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದ ಮೇಲೆ. ಆ ಕರಿಗಲ್ಲಿನ ಗುಳ್ಳೆಗಳಲ್ಲಿ ನಿಧಾನವಾಗಿ ತುಂಬಿಕೊಂಡದ್ದು ಕ್ಯಾಲ್ಸಿಡನಿ, ಅಗೇಟ್. ಕರಿಗಲ್ಲು ಸವೆದರೂ ಇವು ಸವೆಯದೆ ಉರುಳಿ ಬಂದು ಭೀಮೆಯ, ಬೋರಿ ಹೊಳೆಯ ಗರಸಿನಲ್ಲಿ ಕೂಡಿಕೊಳ್ಳುತ್ತವೆ. ಒಡೆದರೆ ಗಾಜಿನ ಹಾಗೆ ಅಲೆಅಲೆಯಾಗಿ ಸೀಳುತ್ತವೆ. ಹಸಿ ಕಲ್ಲು ಹಟಮಾರಿ. ಬೂದಿಯಲ್ಲಿ ಹೂತು, ಮೇಲೆ ಕುಳ್ಳಿನ ಬೆಂಕಿ ಹಾಕಿ, ರಾತ್ರಿಯೆಲ್ಲ ನಿಧಾನ ಕಾಯಿಸಿ, ಪೂರ್ತಿ ಆರುವ ತನಕ ಮುಟ್ಟದೆ ಬಿಟ್ಟರೆ ಅದೇ ಕಲ್ಲು ಮಾತು ಕೇಳುತ್ತದೆ. ಒಳಗೆ ಕಬ್ಬಿಣದ ಅಂಶವಿದ್ದರೆ ಹಳದಿ ಬಣ್ಣ ಕೆಂಪಿಗೆ ತಿರುಗುತ್ತದೆ. ಗುಜರಾತಿನ ಖಂಭಾತಿನಲ್ಲಿ ಮಣಿ ಮಾಡುವವರು ಇಂದಿಗೂ ಅಗೇಟನ್ನು ಹೀಗೆ ಕಾಯಿಸಿ, ಕೊಂಬಿನ ಸುತ್ತಿಗೆಯಿಂದ ಒಡೆಯುತ್ತಾರೆ. ಅದೇ ಖಂಭಾತಿನ ಕುಶಲಕರ್ಮಿಗಳು ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್‌ಗೆ ಶ್ವಾಸಕೋಶ ಕೊಟ್ಟಿದ್ದಾರೆ. ಹಾಗಾಗಿ ಕಲಿಯಲು ಬರುವವರಿಗೆ ನನ್ನ ಮೊದಲ ಪಾಠ ಕಲ್ಲಿನದಲ್ಲ: ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂರಬೇಕು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್, ತೊಡೆಯ ಮೇಲೆ ದಪ್ಪ ಚರ್ಮ. ಇದರಲ್ಲಿ ರಿಯಾಯಿತಿ ಇಲ್ಲ. ಕೈ ಪಳಗುವ ತನಕ ಒಡೆದ ಬಾಟಲಿಯ ತಳ ಸಾಕು. ಕ್ಯಾಲಿಫೋರ್ನಿಯಾದ ಯಾಹಿ ಜನರಲ್ಲಿ ಕೊನೆಯವನಾಗಿ ಉಳಿದು 1911ರಲ್ಲಿ ಹೊರಜಗತ್ತಿಗೆ ಬಂದ ಇಶಿ ಕೂಡ ಬಾಟಲಿ ಗಾಜಿನಿಂದ ಬಹಳ ಸೊಗಸಾದ ಮೊನೆಗಳನ್ನು ಮಾಡಿದ್ದಾನೆ.

ಕಲ್ಲಿಗಿಂತ ಹೆಚ್ಚು ಕಲಿಸಿದ್ದು ಅಂಟು. ರಾಳ ನಾಲ್ಕು ಪಾಲು, ಜೇನುಮೇಣ ಒಂದು, ಇದ್ದಿಲ ಪುಡಿ ಒಂದು ಎಂಬ ಲೆಕ್ಕ ತಂಪು ದೇಶದವರು ಹೇಳುವಂಥದು. ಚಳಿಗಾಲದಲ್ಲಿ ಇಲ್ಲಿಯೂ ನಡೆಯುತ್ತದೆ. ಮೇ ತಿಂಗಳಲ್ಲಿ ಸೊಲ್ಲಾಪುರದ ಬಿಸಿಲು 42 ಡಿಗ್ರಿ ದಾಟಿದಾಗ ಬಾಣವನ್ನು ಬದುವಿನ ಮೇಲೆ ಇಟ್ಟು ನೋಡಿ, ಮೊನೆ ವಾಲುತ್ತದೆ. ಮೇಣ ಕಡಿಮೆ ಮಾಡಿದರೆ ಗಟ್ಟಿಯಾಗುತ್ತದೆ, ಆದರೆ ಮೊದಲ ಪೆಟ್ಟಿಗೇ ಪುಡಿ. ಅರಗು ರಾಳಕ್ಕಿಂತ ಬಿಸಿ ತಡೆಯುತ್ತದೆ, ನಮ್ಮ ಬಾರಿ (ಬೋರೆ), ಮುತ್ತುಗದ ಗಿಡಗಳಲ್ಲಿ ಅರಗಿನ ಹುಳು ಕೂರುತ್ತದೆ ಕೂಡ. ಇನ್ನೊಂದು ದಾರಿ ದಕ್ಷಿಣ ಆಫ್ರಿಕಾದ ಸಿಬುಡು ಗುಹೆಯಿಂದ ಬಂದದ್ದು. ಅಲ್ಲಿ 60,000 ವರ್ಷಕ್ಕೂ ಹಿಂದಿನ ಕಲ್ಲುಗಳ ಮೇಲೆ ಗಿಡದ ಗೋಂದು ಮತ್ತು ಕೆಂಪು ಮಣ್ಣಿನ ಗುರುತು ಸಿಕ್ಕಿತು. ಸಂಶೋಧಕರು ಅದನ್ನು ಅಕೇಶಿಯ ಜಾತಿಯ ಗೋಂದಿನಿಂದ ಮತ್ತೆ ಮಾಡಿ ನೋಡಿದರು. ಅಕೇಶಿಯ ಎಂದರೆ ನಮ್ಮ ಜಾಲಿಯ ಬಳಗ! ಕೆಂಪು ಮಣ್ಣೆಂದರೆ ಗೋಡೆಗೆ ಬಳಿಯುವ ಜಾಜು. ಜಾಲಿ ಗೋಂದಿಗೆ ಜಾಜಿನ ಪುಡಿ ಕಲಸಿ ಕೆಂಡದ ಮಗ್ಗುಲಲ್ಲಿ ನಿಧಾನ ಒಣಗಿಸಿದರೆ ಮೇ ತಿಂಗಳ ಬಿಸಿಲಿಗೆ ಅದು ಕರಗುವುದೇ ಇಲ್ಲ. ಆದರೆ ಮಿರಗದ (ಮೃಗಶಿರಾ) ಮಳೆ ಬಂತೆಂದರೆ ನೀರು ಕುಡಿದು ಮೆತ್ತಗಾಗುತ್ತದೆ. ಅಂದಮೇಲೆ ಬೇಸಿಗೆಗೆ ಒಂದು ಅಂಟು, ಮಳೆಗೆ ಇನ್ನೊಂದು. ಈ ನೆಲದಲ್ಲಿ ಬಾಣ ಮಾಡಿದವರಿಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ ಎಂದು ನಾನು ನಂಬುತ್ತೇನೆ. ಯಾವ ಪೆಟ್ಟಿಗೆಯಲ್ಲಿ ಇಟ್ಟ ಚೂರೂ ಇದನ್ನು ಹೇಳಲಾರದು.

ಹೆದೆಗೆ ಎಕ್ಕೆಯ ನಾರು. ಬದುವಿನಲ್ಲಿ ಯಾರೂ ಕೇಳದೆ ಬೆಳೆದ ಗಿಡ, ಒಳಗೆ ರೇಷ್ಮೆಯಂಥ ಬಿಳಿ ಎಳೆ. ನಮ್ಮ ದೇಶದಲ್ಲಿ ಬಿಲ್ಲಿನ ಹೆದೆಗೆ ಇದನ್ನು ಬಳಸುತ್ತಿದ್ದರು. ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಆದ್ದರಿಂದ ಕಡ್ಡಿ ಒಣಗಿದ ಮೇಲೆ ಸುಲಿಯುವುದು ಲೇಸು. ಮೊನೆಯ ಸುತ್ತ ಬಿಗಿಯಲು ಬೇರೆ ಕಡೆಯವರು ಪ್ರಾಣಿಯ ನರ ಬಳಸುತ್ತಾರೆ, ನನಗೆ ಪುಂಡಿ ನಾರು ಸಾಕಾಗಿದೆ. ಬಿಲ್ಲು ಮೇದಾರರಿಂದ ಆರಿಸಿ ತಂದ ಗಟ್ಟಿ ಬಿದಿರಿನದು, ಪೂರ್ತಿ ಎಳೆದರೆ ಸುಮಾರು 18 ಕಿಲೊ ಭಾರ. ಕೋಲು ಹೊಳೆದಂಡೆಯ ಲಾಳದ ಕಡ್ಡಿ, ಅದರ ತುದಿಗೆ ಗೇಣುದ್ದ ಬಾರಿ ಕಟ್ಟಿಗೆಯ ಮುಂಗೋಲು, ಮೊನೆ ಇರುವುದು ಮುಂಗೋಲಿನಲ್ಲಿ. ಕೋಲಿನ ಬಿಗಿತ ಬಿಲ್ಲಿಗೆ ಹೊಂದಬೇಕು. ಬಿಟ್ಟ ಬಾಣ ನೇರ ಹೋಗುವುದಿಲ್ಲ, ಬಿಲ್ಲನ್ನು ಬಳಸಿಕೊಂಡು ಬಾಗಿ, ಬಳುಕಿ, ಆಮೇಲೆ ನೆಟ್ಟಗಾಗುತ್ತದೆ. ತೀರ ಗಟ್ಟಿ ಇದ್ದರೂ ತೀರ ಮೆದು ಇದ್ದರೂ ಪಕ್ಕಕ್ಕೆ ಹೊರಳುತ್ತದೆ. ಗರಿಗಳು ಕೋಳಿಯ ಒಂದೇ ಬದಿಯ ರೆಕ್ಕೆಯವು, ಮೂರು.

"ಚುಚ್ಚತೈತೇನ್ರೀ?" ಎಂಬುದು ಎರಡನೆಯ ಪ್ರಶ್ನೆ. ಚುಚ್ಚುತ್ತದೆ. ಹೊಸದಾಗಿ ಒಡೆದ ಕ್ಯಾಲ್ಸಿಡನಿಯ ಅಂಚು ಬೆರಳು ಸೀಳಿದ್ದು ರಕ್ತ ಬಂದ ಮೇಲೆ ತಿಳಿಯುತ್ತದೆ. ಆದರೆ ಬರೀ ಚೂಪಾಗಿ ಹೆರೆದ ಮರದ ಮೊನೆಯೂ ಸುಮಾರು ಅಷ್ಟೇ ಆಳ ಇಳಿಯುತ್ತದೆ, ಪ್ರಯೋಗ ಮಾಡಿದವರೂ ಇದನ್ನೇ ಕಂಡಿದ್ದಾರೆ. ಕಲ್ಲಿನ ಹೆಚ್ಚುಗಾರಿಕೆ ಆಳದಲ್ಲಿಲ್ಲ, ಕೊಯ್ಯುವ ಅಂಚಿನಲ್ಲಿದೆ. ಕಬ್ಬಿಣ ಬಾಗಿದರೆ ತಿದ್ದಬಹುದು, ಮತ್ತೆ ಮಸೆಯಬಹುದು. ಕಲ್ಲು ಗಟ್ಟಿ ವಸ್ತುವಿಗೆ ತಾಗಿದರೆ ಮುರಿಯುತ್ತದೆ. ಆ ಮುರಿಯುವ ರೀತಿಯೇ ನನಗೆ ಬೇಕಾದದ್ದು. ತುದಿಯಿಂದ ಹಿಂದಕ್ಕೆ ಹೋಗುವ ಗೀರು, ಮೆಟ್ಟಿಲಿನ ಹಾಗೆ ನಿಂತ ಸೀಳು — ಹೊಲದಲ್ಲಿ ಸಿಕ್ಕ ಹಳೆಯ ಚೂರು ಬಾಣದ ಮೊನೆಯಾಗಿತ್ತೋ ಬರೀ ಕೊಯ್ಯುವ ಅಲಗಾಗಿತ್ತೋ ಎಂದು ಪುರಾತತ್ವದವರು ತೀರ್ಮಾನಿಸುವಾಗ ನೋಡುವ ಮುಖ್ಯ ಗುರುತುಗಳಲ್ಲಿ ಇವೂ ಸೇರಿವೆ. ಮುರಿದ ಪ್ರತಿ ಮೊನೆಯನ್ನೂ ಎಷ್ಟು ದೂರದಿಂದ, ಯಾವುದಕ್ಕೆ ಹೊಡೆದದ್ದು ಎಂದು ಬರೆದು ಚೀಟಿ ಹಚ್ಚಿ ಇಡುತ್ತೇನೆ.

ಹಳೆಯ ನೆಲೆಗಳಿಂದ ಒಂದು ಚೂರನ್ನೂ ಎತ್ತುವುದಿಲ್ಲ. ಅದು ಬಿದ್ದ ಜಾಗದಲ್ಲೇ ಅದರ ಅರ್ಧ ಅರ್ಥವಿರುತ್ತದೆ. ನನ್ನ ಚಕ್ಕೆಗಳನ್ನು ಹೊಲದಲ್ಲಿ ಚೆಲ್ಲುವುದೂ ಇಲ್ಲ, ಮುಂದೆ ಯಾರಾದರೂ ಸಂಶೋಧಕರು ಅದನ್ನು ಹಳೆಯದೆಂದು ತಿಳಿದುಬಿಟ್ಟಾರು. ಒಂದೇ ಗುಂಡಿಯಲ್ಲಿ ಹೂತು, ಜೊತೆಗೆ ಆ ವರ್ಷದ ಮುದ್ರೆಯಿರುವ ಒಂದು ನಾಣ್ಯ ಹಾಕುತ್ತೇನೆ. ಈ ಅಭ್ಯಾಸ ಕಲ್ಲು ಒಡೆಯುವ ಎಲ್ಲರಿಗೂ ಬರಬೇಕು.

ಬೇಟೆಯ ಮಾತು ಎತ್ತುವವರಿಗೆ ನನ್ನ ಉತ್ತರ ಚಿಕ್ಕದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧಗಳ ಸಾಲಿನಲ್ಲಿ ಬಿಲ್ಲು ಬಾಣವನ್ನು ಹೆಸರಿಟ್ಟೇ ಹೇಳಿದೆ. ಬೇಟೆಯ ಯತ್ನವೂ ಅದರ ಪ್ರಕಾರ ಬೇಟೆಯೇ. ಅಪ್ಪಣೆಯಿಲ್ಲದೆ ಅಭಯಾರಣ್ಯದೊಳಗೆ ಆಯುಧ ಹಿಡಿದು ಹೋಗುವುದೂ ಅಪರಾಧ. ನಮ್ಮ ಜಿಲ್ಲೆಯ ನಾನ್ನಜ್‌ನಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಾಗಿ ಅಭಯಾರಣ್ಯ ಮಾಡಿದರೂ ಆ ಹಕ್ಕಿ ಈಗ ಕಾಣುವುದೇ ಅಪರೂಪ. ಈ ಬಯಲಿನ ಕೃಷ್ಣಮೃಗವೂ ಉಳಿಯಬೇಕಾದ ಜೀವವೇ. ಬಿಲ್ಲು ಹಿಡಿದು ಅವುಗಳ ಹತ್ತಿರ ಸುಳಿಯುವ ಆಸೆ ಇರುವವರು ನನ್ನ ಬಳಿ ಬರುವುದು ಬೇಡ.

ಕಲಿಯುವ ಆಸೆ ಇರುವವರು ಬಿಳಿಜೋಳದ ಸುಗ್ಗಿ ಮುಗಿದ ಮೇಲೆ ಬನ್ನಿ. ಆಗ ಹೊಲ ಖಾಲಿ, ಗುರಿಗೆ ಕಣಿಕೆ ಬೇಕಾದಷ್ಟು, ಹಿಂದೆ ಮಣ್ಣಿನ ಒಡ್ಡು ಇರುವ ಜಾಗ ನೋಡಿಟ್ಟಿದ್ದೇನೆ. ಮೊದಲ ದಿನ ಕಲ್ಲು ಮುಟ್ಟಲು ಕೊಡುವುದಿಲ್ಲ, ಎಕ್ಕೆಯ ನಾರು ಹೊಸೆಯುವುದರಿಂದ ಶುರು. ಈ ಬೇಸಿಗೆಯಲ್ಲಿ ಅರಗಿಗೆ ಜಾಜು ಕಲಸಿದ ಅಂಟಿನಲ್ಲಿ ಅರ್ಧಚಂದ್ರಗಳನ್ನು ಕೂರಿಸಿ ನೋಡುವವನಿದ್ದೇನೆ. ಬಿಸಿಲು, ಮಳೆ ಎರಡನ್ನೂ ಒಂದೇ ಅಂಟು ತಡೆಯುತ್ತದೆಯೇ ಎಂಬುದು ಮಿರಗ ಕಳೆದ ಮೇಲೆ ತಿಳಿಯುತ್ತದೆ. ಕನ್ನಡಕ, ಮಾಸ್ಕ್ ನೀವೇ ತನ್ನಿ.