ಕಾಡಿನ ಡಬ್ಬಿ, ಬಯಲಿನ ಡಬ್ಬಿ

ಸುರಂಗದೊಳಗೆ ಇಪ್ಪತ್ತು ಹೆಜ್ಜೆ ಹಾಕಿದ್ದೆವೋ ಇಲ್ಲವೋ, ಜಿಪಿಎಸ್ ಸಿಗ್ನಲ್ ಹೋಯಿತು. ಮುಂದೆ 3.6 ಕಿಲೋಮೀಟರ್ ಕತ್ತಲೆ. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ತುಂಬಾ ದೂರದಲ್ಲಿ ಸಾಸಿವೆ ಕಾಳಿನಷ್ಟು ಬೆಳಕು. ಅಕ್ಕ ಟಾರ್ಚ್ ಹಿಡಿದು ಮುಂದೆ ನಡೆದಳು, ನಾನು ಹಿಂದೆ. "ಫೋನ್ ಜೇಬಿಗಿಡು, ಇಲ್ಲಿ ಅದಕ್ಕೇನೂ ಕಾಣಲ್ಲ" ಅಂದಳು.

ಇದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ನೋಕ್ವಾಲ್ಮಿ ಸುರಂಗ. ಹಿಂದೆ ಮಿಲ್ವಾಕಿ ರೋಡ್ ಎಂಬ ಕಂಪನಿಯ ರೈಲುಗಳು ಓಡುತ್ತಿದ್ದ ದಾರಿ. ಈಗ ನಡೆಯುವವರಿಗೆ, ಸೈಕಲ್ಲಿನವರಿಗೆ. ಚಳಿಗಾಲದಲ್ಲಿ ಒಳಗೆ ಮಂಜುಗಡ್ಡೆ ಕಟ್ಟಿ ಬೀಳುತ್ತದೆ, ಹಾಗಾಗಿ ನವೆಂಬರಿನಿಂದ ಏಪ್ರಿಲ್ ಮುಗಿಯುವವರೆಗೆ ಬಾಗಿಲು ಹಾಕಿರುತ್ತಾರೆ. ನಾವು ಹೋಗಿದ್ದು ಸೆಪ್ಟೆಂಬರಿನಲ್ಲಿ. ಸುರಂಗ ನೋಡೋದು ಉದ್ದೇಶ ಆಗಿರಲಿಲ್ಲ, ಅದರ ಆಚೆ ಬಾಯಿಯ ಹತ್ತಿರ ಕಾಡಿನಲ್ಲಿ ಒಂದು ಪೆಟ್ಟಿಗೆ ಇದೆ, ಅದಕ್ಕೋಸ್ಕರ ಹೋಗಿದ್ದು.

ಜಿಯೋಕ್ಯಾಶಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ (ಇದಕ್ಕೇ ಕ್ಯಾಶ್ ಅಂತಾರೆ) ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶ ಪ್ರಕಟಿಸುತ್ತಾರೆ. ನಾವು ಜಿಪಿಎಸ್ ಹಿಡಿದು ಹೋಗಿ ಹುಡುಕಿ, ಒಳಗಿರುವ ಪುಸ್ತಕದಲ್ಲಿ ಸಹಿ ಹಾಕಿ, ಇದ್ದ ಹಾಗೇ ಮತ್ತೆ ಬಚ್ಚಿಟ್ಟು ಬರಬೇಕು. ಅಷ್ಟೇ. ಪ್ರತಿ ಡಬ್ಬಿಗೂ ಎರಡು ಸ್ಟಾರ್ ಲೆಕ್ಕ ಇರುತ್ತದೆ. ಹುಡುಕೋದು ಎಷ್ಟು ಕಷ್ಟ ಅನ್ನೋದು ಡಿಫಿಕಲ್ಟಿ, ಅಲ್ಲಿಗೆ ತಲುಪೋದು ಎಷ್ಟು ಕಷ್ಟ ಅನ್ನೋದು ಟೆರೇನ್. ಎರಡೂ 1ರಿಂದ 5ರವರೆಗೆ, ಅರ್ಧ ಅರ್ಧ ಸ್ಟಾರ್ ಏರುತ್ತಾ ಹೋಗುತ್ತವೆ. ಟೆರೇನ್ 5 ಅಂದರೆ ದೋಣಿಯೋ ಹಗ್ಗವೋ ಏನಾದರೂ ಬೇಕೇ ಬೇಕು.

ನನಗೆ ಇಷ್ಟ ಯಾವುದು ಅಂದರೆ ಟೆರೇನ್ ಜಾಸ್ತಿ, ಡಿಫಿಕಲ್ಟಿ ಕಮ್ಮಿ ಇರೋವು. ಚೆನ್ನಾಗಿ ನಡೆಯಬೇಕು, ಹೋದ ಮೇಲೆ ದೊಡ್ಡ ಡಬ್ಬಿ ಬೇಗ ಸಿಗಬೇಕು. ಅಕ್ಕನದು ಪೂರ್ತಿ ಉಲ್ಟಾ. ಒಂದು ಒಗಟು ಬಿಡಿಸಿ, ಬೆರಳ ತುದಿಯಷ್ಟಿರುವ ಡಬ್ಬಿಯನ್ನು ಜನ ಓಡಾಡುವ ಜಾಗದಲ್ಲಿ ಯಾರಿಗೂ ಗೊತ್ತಾಗದ ಹಾಗೆ ತೆಗೆಯೋದು ಅವಳಿಗೆ ಖುಷಿ. ಇದು ಸ್ವಭಾವದ ವ್ಯತ್ಯಾಸ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಈ ಪ್ರವಾಸ ಮುಗಿಯುವ ಹೊತ್ತಿಗೆ ಹಾಗನ್ನಿಸಲಿಲ್ಲ. ನಾನು ಈ ಆಟ ಕಲಿತದ್ದು ಮರಗಳ ನಡುವೆ, ಅವಳು ಕಲಿತದ್ದು ಕಟ್ಟಡಗಳ ನಡುವೆ. ಇಷ್ಟ ಅನ್ನೋದು ಅಲ್ಲಿಂದಲೇ ಬಂದಿದೆ.

ಮೊದಲ ದಿನ ಸಿಯಾಟಲ್‌ನಲ್ಲಿ ಅವಳದೇ ರಾಜ್ಯ. ಈ ಆಟದ ಮುಖ್ಯ ಜಾಲತಾಣ ನಡೆಸುವವರ ಕಚೇರಿ ಇರೋದು ಇದೇ ಊರಿನ ಫ್ರೀಮಾಂಟ್ ಎಂಬ ಭಾಗದಲ್ಲಿ. ಊರೊಳಗೆ ಮಣ್ಣೇ ಕಾಣದಿರುವಾಗ ದೊಡ್ಡ ಡಬ್ಬಿ ಎಲ್ಲಿಡ್ತಾರೆ ಹೇಳಿ. ಅದಕ್ಕೇ ಅಯಸ್ಕಾಂತ ಅಂಟಿಸಿದ ಪುಟಾಣಿ ಡಬ್ಬಿಗಳು. ಕಬ್ಬಿಣದ ಕಂಬಿಯ ಅಡಿ, ಬೋರ್ಡಿನ ಹಿಂದೆ, ಬೆಂಚಿನ ಕೆಳಗೆ. ಇವಕ್ಕೆ ನ್ಯಾನೋ ಅಂತಾರೆ. ಒಳಗೆ ಪುಸ್ತಕ ಹಿಡಿಸಲ್ಲ, ಸುರುಳಿ ಸುತ್ತಿದ ಒಂದು ಕಾಗದದ ಪಟ್ಟಿ ಇರುತ್ತದೆ, ಉಗುರಿನಲ್ಲಿ ಎಳೆದು ತೆಗೆದು, ಇಷ್ಟೇ ಇಷ್ಟು ಸಹಿ ಹಾಕಿ, ಮತ್ತೆ ಬಿಗಿಯಾಗಿ ಸುತ್ತದಿದ್ದರೆ ಮುಚ್ಚಳ ಕೂರೋದೇ ಇಲ್ಲ. ಎತ್ತರದ ಗೋಡೆಗಳಿಗೆ ಸಿಗ್ನಲ್ ಬಡಿದು ವಾಪಸ್ ಬರುವುದರಿಂದ ಜಿಪಿಎಸ್ ಬಾಣ ರಸ್ತೆಯ ಈ ಬದಿ ಒಮ್ಮೆ, ಆ ಬದಿ ಒಮ್ಮೆ ತೋರಿಸುತ್ತಿತ್ತು. ಅಕ್ಕ ಅದನ್ನು ನೋಡಲೇ ಇಲ್ಲ. ಕಂಬಿಯ ಕೆಳಗೆ ಕೈಯಾಡಿಸುತ್ತಾ ಹೋದಳು, ಸಿಕ್ಕಿತು.

ಮತ್ತೆ ಸುರಂಗಕ್ಕೆ ಬರ್ತೀನಿ. ಸಾಸಿವೆ ಕಾಳು ಮೊದಲು ಬಟಾಣಿಯಾಯಿತು, ಆಮೇಲೆ ತಟ್ಟೆಯಾಯಿತು, ಕೊನೆಗೆ ಬಾಗಿಲಾಯಿತು. ಹೊರಗೆ ಬಂದರೆ ಎಲ್ಲೆಲ್ಲೂ ಹಸಿರು. ಎತ್ತರದ ಫರ್ ಮರಗಳು, ಕಾಂಡದ ತುಂಬಾ ಪಾಚಿ, ನೆಲದ ತುಂಬಾ ಜರಿಗಿಡ. ಇದು ನನ್ನ ಜಾಗ. ಕಾಡಿನಲ್ಲಿ ಸಿಗ್ನಲ್ ಯಾಕೆ ಹೊಯ್ದಾಡುತ್ತದೆ ಅಂದರೆ, ಉಪಗ್ರಹಗಳು ಇರುವುದು 20,000 ಕಿಲೋಮೀಟರ್ ಮೇಲೆ, ನೆಲ ಮುಟ್ಟುವ ಹೊತ್ತಿಗೆ ಸಿಗ್ನಲ್ ತೀರಾ ಕ್ಷೀಣ, ಅದರ ಮೇಲೆ ಒದ್ದೆ ಎಲೆಗಳ ಚಾವಣಿ. ಹತ್ತು ಹದಿನೈದು ಮೀಟರ್ ಆಚೀಚೆ ಆಗೋದು ಮಾಮೂಲು. ಆಗ ಕಣ್ಣೇ ಗತಿ. ಬಿದ್ದ ಕೊಂಬೆಗಳು ಯಾವತ್ತೂ ಅಡ್ಡಾದಿಡ್ಡಿ ಬಿದ್ದಿರುತ್ತವೆ. ನಾಲ್ಕು ಕೋಲು ಒಂದೇ ದಿಕ್ಕಿಗೆ ಅಚ್ಚುಕಟ್ಟಾಗಿ ಮಲಗಿದ್ದರೆ, ಯಾರೋ ಜೋಡಿಸಿದ್ದಾರೆ ಅಂತಲೇ ಅರ್ಥ.

ಸಿಕ್ಕಿತು. ಎಲ್ಲಿತ್ತು ಅಂತ ಹೇಳಲ್ಲ, ಹೇಳಿದರೆ ಮುಂದೆ ಹೋಗುವವರ ಖುಷಿ ಹಾಳು. ಸೈನ್ಯದವರು ಗುಂಡು ತುಂಬಿಡುವ ಕಬ್ಬಿಣದ ಪೆಟ್ಟಿಗೆ. ಪಕ್ಕದ ಕೊಂಡಿ ಎತ್ತಿದರೆ ಮುಚ್ಚಳ ಟಪ್ ಅಂತ ಬಿಡುತ್ತದೆ. ಮುಚ್ಚಳದ ಒಳಗೆ ಸುತ್ತಲೂ ರಬ್ಬರ್ ಪಟ್ಟಿ. ಹೊರಗೆ ಕೈಯಿಟ್ಟಲ್ಲೆಲ್ಲ ತೇವ, ಒಳಗೆ ಕಾಗದ ಗರಿಗರಿ. ಕಾಡಿನಲ್ಲಿ ಡಬ್ಬಿಗೆ ನೀರೇ ಶತ್ರು, ಆ ರಬ್ಬರ್ ಪಟ್ಟಿ ಕೈಕೊಟ್ಟರೆ ಒಂದೇ ಮಳೆಗಾಲಕ್ಕೆ ಪುಸ್ತಕ ಮುದ್ದೆ. ಪೆನ್ನೂ ಇರಲ್ಲ, ಪೆನ್ಸಿಲ್ ಇರುತ್ತದೆ, ಯಾಕಂದರೆ ಶಾಯಿ ಕದಡುತ್ತದೆ.

ಈ ಪೆಟ್ಟಿಗೆಗೆ ಒಂದು ಕತೆಯೂ ಇದೆ. 2001ರಲ್ಲಿ ಒಂದು ಸಿನಿಮಾದ ಪ್ರಚಾರಕ್ಕೆ ಅಂತ ಬೇರೆ ಬೇರೆ ದೇಶಗಳಲ್ಲಿ ಇಂಥ ಕೆಲವು ಪೆಟ್ಟಿಗೆ ಬಚ್ಚಿಟ್ಟರು, ಅವುಗಳಲ್ಲಿ ಹೆಚ್ಚಿನವು ಈಗಿಲ್ಲ. ಇದೂ 2011ರಲ್ಲಿ ಕಾಣೆಯಾಗಿತ್ತು. ವರ್ಷಗಳಾದ ಮೇಲೆ ವಾಪಸ್ ಬಂತು. ಪುಸ್ತಕದಲ್ಲಿ ನಮ್ಮ ಹೆಸರು ಬರೆಯುವಾಗ ಕೈ ಸ್ವಲ್ಪ ನಡುಗಿತು, ಚಳಿಗಲ್ಲ.

ಮಾರನೆಯ ದಿನ ದಕ್ಷಿಣಕ್ಕೆ, ಒರೆಗಾನ್ ರಾಜ್ಯಕ್ಕೆ. ಪೋರ್ಟ್‌ಲ್ಯಾಂಡ್ ಊರಿನ ಆಚೆ ಬೀವರ್‌ಕ್ರೀಕ್ ಅಂತ ಒಂದು ಹಳ್ಳಿ. ಅದರ ಹತ್ತಿರ ರಸ್ತೆ ಬದಿಯ ಕಾಡಿನಂಚಿನಲ್ಲಿ ಒಂದು ಚಿಕ್ಕ ಫಲಕ. ನೋಡೋಕೆ ಏನೂ ಇಲ್ಲ. ಆದರೆ ಈ ಆಟ ಶುರುವಾಗಿದ್ದು ಇಲ್ಲೇ. ಅಲ್ಲಿಯವರೆಗೆ ಜನಸಾಮಾನ್ಯರ ಜಿಪಿಎಸ್ ಸಿಗ್ನಲ್ಲನ್ನು ಅಮೆರಿಕ ಸರ್ಕಾರ ಬೇಕಂತಲೇ ಕೆಡಿಸಿಡುತ್ತಿತ್ತು, ನೂರು ಮೀಟರ್‌ವರೆಗೂ ತಪ್ಪು ತೋರಿಸುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿದರು. ಮೇ 3ಕ್ಕೆ ಡೇವ್ ಅಲ್ಮರ್ ಎಂಬುವವರು ಇಲ್ಲಿ ಒಂದು ಕಪ್ಪು ಬಕೆಟ್ ಇಟ್ಟು, ಜಾಗದ ಅಂಕಿಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ಮೂರೇ ದಿನದಲ್ಲಿ ಹುಡುಕಿಬಿಟ್ಟರು! ಬಕೆಟ್ಟಿನಲ್ಲಿ ಪುಸ್ತಕ, ಕವಣೆ, ಬೀನ್ಸ್ ಕಾಳಿನ ಒಂದು ಡಬ್ಬ ಎಲ್ಲ ಇತ್ತಂತೆ.

ಬಕೆಟ್ಟನ್ನು ಅರ್ಧ ಮಣ್ಣಿನಲ್ಲಿ ಹೂತಿದ್ದರು. ಈಗಿನ ನಿಯಮದಲ್ಲಿ ಜಾಗದವರ ಅನುಮತಿ ಇಲ್ಲದೆ ನೆಲ ಅಗೆಯೋ ಹಾಗಿಲ್ಲ, ತಿನ್ನೋ ವಸ್ತು ಇಡೋ ಹಾಗಿಲ್ಲ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ದೂರ ಇರಬೇಕು. ಫಲಕದ ಮೇಲಿನ ಅಂಕಿ, ಉತ್ತರ 45 ಡಿಗ್ರಿ 17.460 ನಿಮಿಷ, ಪಶ್ಚಿಮ 122 ಡಿಗ್ರಿ 24.800 ನಿಮಿಷ. ಉತ್ತರದ ಕೊನೆಯ ಅಂಕಿ ಒಂದು ಬದಲಾದರೆ ನೆಲದ ಮೇಲೆ ಎರಡು ಮೀಟರಿಗಿಂತ ಸ್ವಲ್ಪ ಕಮ್ಮಿ ದೂರ ಬದಲಾಗುತ್ತದೆ. ಆ ಎರಡು ಹೆಜ್ಜೆಯೊಳಗೆ ನಿಂತು ಸುತ್ತ ನೋಡಿದೆ. ಮರ, ಪೊದೆ, ಮೆದು ಮಣ್ಣು, ಪಕ್ಕದಲ್ಲೇ ರಸ್ತೆ. ಬಕೆಟ್ ಬಚ್ಚಿಡೋಕೆ ಹೇಳಿಮಾಡಿಸಿದ ಜಾಗ. ಇದೇ ಆಟ ಕಲ್ಲು ಕಟ್ಟಡದ ನಡುವೆ ಹುಟ್ಟಿದ್ದರೆ ಬಕೆಟ್ ಯಾರಿಗೂ ಹೊಳೆಯುತ್ತಿರಲಿಲ್ಲ, ಅಲ್ವಾ? ನಾನು ಇಷ್ಟು ದಿನ "ನಿಜವಾದ ಕ್ಯಾಶ್ ಅಂದರೆ ಕಾಡಿನ ದೊಡ್ಡ ಡಬ್ಬಿ" ಅಂತ ವಾದ ಮಾಡುತ್ತಿದ್ದದ್ದು ಈ ಒಂದು ತುಂಡು ನೆಲದ ಪರವಾಗಿ ಅಂತ ಆಗ ಗೊತ್ತಾಯಿತು.

ಅಲ್ಲಿಂದ ಕೊಲಂಬಿಯಾ ನದಿಯ ಕಣಿವೆಯಲ್ಲಿ ಪೂರ್ವಕ್ಕೆ ಹೊರಟೆವು. 189 ಮೀಟರಿನ ಮಲ್ಟ್‌ನೋಮಾ ಜಲಪಾತ ಈ ದಾರಿಯಲ್ಲೇ ಇದೆ. ಅದು ಚೆನ್ನಾಗಿದೆ, ಜನವೂ ಜಾಸ್ತಿ, ನಿಲ್ಲಲಿಲ್ಲ. ನನ್ನನ್ನು ಹಿಡಿದಿಟ್ಟದ್ದು ಕಾರಿನ ಕಿಟಕಿಯಾಚೆ ಬದಲಾಗುತ್ತಿದ್ದ ಬಣ್ಣ. ಕಣಿವೆಯ ಪಶ್ಚಿಮ ತುದಿಯಲ್ಲಿ ಕಡು ಹಸಿರು. ಒಂದು ಗಂಟೆ ಕಳೆಯುವಷ್ಟರಲ್ಲಿ ಮರಗಳು ವಿರಳ. ಆಮೇಲೆ ಒಣ ಹುಲ್ಲು, ಬೋಳು ಗುಡ್ಡ. ಕ್ಯಾಸ್ಕೇಡ್ ಪರ್ವತಗಳು ಸಮುದ್ರದ ಮೋಡಗಳನ್ನೆಲ್ಲ ಪಶ್ಚಿಮದಲ್ಲೇ ತಡೆದು ಸುರಿಸಿಕೊಳ್ಳುತ್ತವೆ. ಪೂರ್ವದ ಒರೆಗಾನ್ ಇರುವುದು ಮಳೆಯ ನೆರಳಿನಲ್ಲಿ.

ಆ ಬಯಲಿನಲ್ಲಿ ಒಂದು ಡಬ್ಬಿ ಹುಡುಕೋಕೆ ಇಳಿದೆವು. ಡಿಫಿಕಲ್ಟಿ 2, ಟೆರೇನ್ 2. ಎದೆಮಟ್ಟದ ಸೇಜ್ ಪೊದೆಗಳು, ಅಲ್ಲೊಂದು ಇಲ್ಲೊಂದು ಜುನಿಪರ್ ಮರ, ಉಳಿದದ್ದೆಲ್ಲ ಕಪ್ಪು ಬಸಾಲ್ಟ್ ಕಲ್ಲು. ಸೇಜ್ ಎಲೆ ಬೆರಳಲ್ಲಿ ಉಜ್ಜಿದರೆ ಘಾಟು ವಾಸನೆ. ಆಕಾಶ ಪೂರ್ತಿ ತೆರೆದಿತ್ತು, ಜಿಪಿಎಸ್ ಮೂರು ಮೀಟರ್ ಅಂತ ಖಚಿತವಾಗಿ ತೋರಿಸುತ್ತಿತ್ತು. ಐದು ನಿಮಿಷದ ಕೆಲಸ ಅಂದುಕೊಂಡೆ. ಒಂದು ಗಂಟೆ ಆಯಿತು. ಕಲ್ಲಿನ ಸಂದಿಯಲ್ಲಿ ರ‍್ಯಾಟಲ್ ಹಾವು ಇರಬಹುದು, ಅದಕ್ಕೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ ತಟ್ಟಿ ನೋಡಬೇಕು. ನಾನು ಕಾಡಿನಲ್ಲಿ ನೋಡುವ ಹಾಗೇ ನೋಡುತ್ತಿದ್ದೆ. ಜೋಡಿಸಿಟ್ಟದ್ದು, ಅಚ್ಚುಕಟ್ಟಾಗಿರುವುದು, ಮರದ ಬುಡ. ಇಲ್ಲಿ ಜೋಡಿಸಿದಂತೆ ಕಾಣದ ಕಲ್ಲೇ ಇರಲಿಲ್ಲ.

ಅಕ್ಕ ಹುಡುಕೋದು ನಿಲ್ಲಿಸಿ ಸುಮ್ನೆ ಕೂತಿದ್ದಳು. "ಆ ಕಲ್ಲು ನೋಡು" ಅಂದಳು. "ಯಾವುದು? ಎಲ್ಲ ಒಂದೇ ಥರ ಇವೆ ಅಕ್ಕ." "ಎಲ್ಲದಕ್ಕೂ ಕಲ್ಲುಹೂವು ಮೇಲಿದೆ. ಅದೊಂದಕ್ಕೆ ಮಾತ್ರ ಪಕ್ಕದಲ್ಲಿದೆ."

ಹತ್ತಿರ ಹೋಗಿ ಮಂಡಿಯೂರಿ ನೋಡಿದೆ. ನಿಜ. ಬಸಾಲ್ಟ್ ಕಲ್ಲಿನ ಬಿಸಿಲು ಬೀಳುವ ಮುಖದಲ್ಲೆಲ್ಲ ಕಿತ್ತಳೆ, ತಿಳಿಹಸಿರು ಬಣ್ಣದ ಕಲ್ಲುಹೂವು ಬೆಳೆದಿತ್ತು. ಅದು ತುಂಬಾ ನಿಧಾನ ಬೆಳೆಯುವ ಜೀವ. ಈ ಒಂದು ಕಲ್ಲಿನ ಮೇಲ್ಭಾಗ ಮಾತ್ರ ಬೋಳು, ಒಂದಂಚಿನಲ್ಲಿ ಮಣ್ಣಿನ ಗೆರೆ. ಯಾರೋ ಎತ್ತಿ, ಮತ್ತೆ ಇಡುವಾಗ ತಿರುಗಿಸಿಟ್ಟಿದ್ದರು. ಕೆಳಗೆ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳದ ಒಂದು ಕಿವಿ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು, ಒಳಗಿನ ಪುಸ್ತಕದಲ್ಲಿ ತೇವದ ಕಲೆ ಒಂದೂ ಇರಲಿಲ್ಲ. ಬಯಲಿನಲ್ಲಿ ಡಬ್ಬಿಯನ್ನು ತಿನ್ನೋದು ಬಿಸಿಲು. ಪೇಟೆಯಲ್ಲಿ ಕಂಬಿಯ ಅಡಿ ಚುಕ್ಕೆ ಹುಡುಕಿ ಹುಡುಕಿ ಪಳಗಿದ ಅವಳ ಕಣ್ಣಿಗೆ ಇದು ಕಂಡಿತು. ವಾಪಸ್ ಇಡುವಾಗ ನಾವು ಕಲ್ಲುಹೂವು ಮೇಲೆ ಬರುವ ಹಾಗೆ ಇಟ್ಟೆವು. ಮುಂದೆ ಬರುವವರಿಗೆ ಡಿಫಿಕಲ್ಟಿ ಅರ್ಧ ಸ್ಟಾರ್ ಏರಿರಬೇಕು.

ಕಾರಿನಲ್ಲಿ ಇದೇ ಮಾತು, ನೆಲ ಹೇಗೋ ಆಟವೂ ಹಾಗೆ ಅಂತ. ನೆವಾಡಾ ಮರುಭೂಮಿಯ 375ನೇ ನಂಬರ್ ಹೆದ್ದಾರಿಯಲ್ಲಿ ಸಾವಿರಕ್ಕೂ ಹೆಚ್ಚು ಪುಟ್ಟ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದರು. ಉದ್ದಕ್ಕೂ ಖಾಲಿ ನೆಲ, ನೇರ ರಸ್ತೆ ಇದ್ದರೆ ತಾನೇ ಅದು ಆಗೋದು. ನೆದರ್ಲೆಂಡ್ಸ್‌ನಂಥ ಚಪ್ಪಟೆ ದೇಶದಲ್ಲಿ ಬೆಟ್ಟ ಹತ್ತಿಸಿ ಸುಸ್ತು ಮಾಡೋಕೆ ಬೆಟ್ಟವೇ ಇಲ್ಲ, ಡಬ್ಬಿ ಇಡುವವರ ಜಾಣತನ ಬೇರೆ ಕಡೆ ಹರಿಯಲೇಬೇಕು. ಲೆಕ್ಕ ಏರಿಸೋದಕ್ಕೇ ಡಬ್ಬಿ ಎತ್ತುವವರನ್ನು ಕಂಡರೆ ನನಗೆ ಈಗಲೂ ಅಷ್ಟು ಹಿಡಿಸಲ್ಲ. ಆದರೆ ಅವರ ನೆಲ ನೋಡದೆ ಮಾತಾಡೋದು ಬಿಟ್ಟಿದ್ದೇನೆ.

ಕೊನೆಯದು ಒರೆಗಾನ್‌ನದೇ ಪೇಂಟೆಡ್ ಹಿಲ್ಸ್. ಕೆಂಪು, ಹಳದಿ, ಕಪ್ಪು ಪಟ್ಟೆಗಳ ಬೆಟ್ಟಗಳು. ಸುಮಾರು 3 ಕೋಟಿ ವರ್ಷ ಹಳೆಯ ಮಣ್ಣು. ಈಗ ಒಣಗಿ ನಿಂತಿರುವ ಈ ಜಾಗ ಒಂದು ಕಾಲದಲ್ಲಿ ಬೆಚ್ಚಗೆ, ಮಳೆ ಜಾಸ್ತಿ ಇದ್ದ ಬಯಲಾಗಿತ್ತು, ಆಗಿನ ಮಣ್ಣಿನ ಕಬ್ಬಿಣದ ಅಂಶವೇ ಕೆಂಪಾಗಿ ಉಳಿದಿದೆ. ಇಲ್ಲಿ ಬೆಟ್ಟದ ಮೇಲೆ ಕಾಲಿಡುವಂತಿಲ್ಲ. ಒಂದು ಹೆಜ್ಜೆ ಗುರುತು ವರ್ಷಗಟ್ಟಲೆ ಹೋಗಲ್ಲ. ಡಬ್ಬಿ ಇಡೋದಂತೂ ದೂರದ ಮಾತು. ಇಂಥ ಕಡೆಗೆ ಅರ್ಥ್‌ಕ್ಯಾಶ್ ಇದೆ. 2004ರಲ್ಲಿ ಶುರುವಾದ ಬಗೆ. ಡಬ್ಬಿ ಇರಲ್ಲ, ನೆಲವನ್ನು ನೋಡಿ ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸಬೇಕು. ಡಬ್ಬಿಯೇ ಇಲ್ಲದ ಮೇಲೆ ಹುಡುಕೋದು ಏನು ಅಂತ ನಾನು ಇವನ್ನು ಬಿಟ್ಟುಬಿಡುತ್ತಿದ್ದೆ.

ಸಂಜೆ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಒಂದೊಂದು ಪಟ್ಟೆಯೂ ಬೇರೆ ಬೇರೆಯಾಗಿ ಎದ್ದು ಕಾಣುತ್ತಿತ್ತು. ಎದುರಿನ ಬೆಟ್ಟದಲ್ಲಿ ಕೆಂಪು ಪಟ್ಟೆ ಎಷ್ಟು, ಎಲ್ಲಿ ದಪ್ಪ, ಎಲ್ಲಿ ಹಳದಿಗೆ ಕರಗುತ್ತದೆ ಅಂತ ನೋಡುತ್ತಾ ಕೂತೆವು. ಅಕ್ಕ ಬರೆದ ಸಂಖ್ಯೆಗೆ ನಾನು ಒಪ್ಪಲಿಲ್ಲ. ನನ್ನ ಸಂಖ್ಯೆಗೆ ಅವಳು ಒಪ್ಪಲಿಲ್ಲ. ನೋಟ್‌ಪುಸ್ತಕ ಮುಚ್ಚಿ, ಬೆಳಕು ಹೋಗುವ ಮುಂಚೆ ಕಾಲುದಾರಿಯ ಇನ್ನೊಂದು ತುದಿಯಿಂದ ಮತ್ತೆ ಎಣಿಸೋಕೆ ಹೊರಟೆವು.